ಗೇಟ್‌ವೇ ನಿಗಾ ಸಾಫ್ಟ್‌ವೇರ್: ರಾಶಿ ಅಲಾರಂ ಬದಲು ಒಂದು ಸಾಲಿನ ಸುದ್ದಿ

ಹೋದ ಸಲ ಬರೆಯುವ ಹೊತ್ತಿಗೆ ನನ್ನ ಸಾಫ್ಟ್‌ವೇರ್ ವಾಯ್ಸ್ ಗೇಟ್‌ವೇಯಿಂದ (ಟೆಲಿಫೋನ್ ಲೈನ್ ಮತ್ತು ಇಂಟರ್‌ನೆಟ್ ಥರದ ಐಪಿ ಜಾಲದ ನಡುವೆ ಕರೆ ದಾಟಿಸುವ ಪೆಟ್ಟಿಗೆ) ಅಂಕಿಗಳನ್ನು ತಂದು ಗ್ರಾಫ್ ಬಿಡಿಸುತ್ತಿತ್ತು, ಅಷ್ಟೇ. ಈಗ ಆ ಅಂಕಿಗಳನ್ನು ಓದಿ, ತೊಂದರೆ ಯಾವ ಕಡೆ ಇದೆ ಎಂದು ಹೇಳಲು ಶುರು ಮಾಡಿದೆ. ಇ-1, ಅಂದರೆ ಎಕ್ಸ್‌ಚೇಂಜ್‌ನಿಂದ ಬರುವ ಡಿಜಿಟಲ್ ಲೈನ್‌ನ ತೊಂದರೆಗಳನ್ನು ಚೆನ್ನಾಗಿ ಹೇಳುತ್ತದೆ. ಕರೆಗಳ ತೊಂದರೆಯನ್ನು ಒಂದು ಮಟ್ಟಕ್ಕೆ ಹೇಳುತ್ತದೆ. ಧ್ವನಿಯ ಗುಣಮಟ್ಟದ ಕೆಲಸ ಈಗಷ್ಟೇ ಶುರುವಾಗಿದೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಟೆಲಿಕಾಂ ಕಂಪನಿಗಳು ಬಳಸುವ ವಾಯ್ಸ್ ಗೇಟ್‌ವೇಗೆ ಒಂದು ಕಡೆ ಟೆಲಿಫೋನ್ ಎಕ್ಸ್‌ಚೇಂಜ್‌ನ ಲೈನ್ ಬರುತ್ತದೆ, ಇನ್ನೊಂದು ಕಡೆ ಐಪಿ ನೆಟ್‌ವರ್ಕ್. ನನ್ನ ಹತ್ತಿರ ಇರುವುದು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಕ್ಕ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ. ನಾಲ್ಕು ಇ-1 ಪೋರ್ಟ್ ಇವೆ. ಒಂದು ಇ-1 ಅಂದರೆ 2.048 ಎಂಬಿಪಿಎಸ್, 32 ಟೈಮ್‌ಸ್ಲಾಟ್. 32 ಸ್ಲಾಟ್‌ಗಳ ಒಂದು ಸುತ್ತಿಗೆ ಫ್ರೇಮ್ ಎಂದು ಹೆಸರು. ಸೊನ್ನೆಯನೇ ಸ್ಲಾಟ್ ಫ್ರೇಮ್ ಜೋಡಣೆಗೆ, 16ನೇ ಸ್ಲಾಟ್ ಸಿಗ್ನಲಿಂಗ್‌ಗೆ, ಅಂದರೆ ಕರೆ ಜೋಡಿಸುವ, ಮುಗಿಸುವ ಸೂಚನೆಗಳಿಗೆ. ಉಳಿದ 30ರಲ್ಲಿ ಮಾತು. ಹಾಗಾಗಿ ಒಟ್ಟು 120 ಕರೆ ಒಟ್ಟಿಗೆ ಹೋಗಬಹುದು. ಇ-1 ಕಡೆ ಎಕ್ಸ್‌ಚೇಂಜ್ ಪಾತ್ರ ಮಾಡಲು ಇ-1 ಕಾರ್ಡ್ ಇರುವ ಹಳೆಯ ಪಿಸಿಯಲ್ಲಿ ಆಸ್ಟರಿಸ್ಕ್ ಎಂಬ ಎಕ್ಸ್‌ಚೇಂಜ್ ಸಾಫ್ಟ್‌ವೇರ್ ಓಡಿಸುತ್ತೇನೆ. ಐಪಿ ಕಡೆಯಿಂದ ಸಿಪ್‌ಪಿ ಎಂಬ ಪರೀಕ್ಷಾ ಸಾಫ್ಟ್‌ವೇರ್ ಕರೆಗಳನ್ನು ಹುಟ್ಟಿಸುತ್ತದೆ. ಇಡೀ ಲ್ಯಾಬ್ ಮನೆಯೊಳಗೇ ಇದೆ, ಹೊರಗಿನ ಫೋನ್ ಜಾಲಕ್ಕೆ ಒಂದು ವೈರ್ ಕೂಡ ಹೋಗುವುದಿಲ್ಲ. ಭಾರತದಲ್ಲಿ ಪರವಾನಗಿ ಇಲ್ಲದೆ ಇಂಥ ಪೆಟ್ಟಿಗೆಯನ್ನು ಸಾರ್ವಜನಿಕ ಟೆಲಿಫೋನ್ ಜಾಲಕ್ಕೆ ಜೋಡಿಸಿ ಕರೆ ಸಾಗಿಸುವುದು ಅಪರಾಧ. ಇದೇ ಥರ ಪ್ರಯೋಗ ಮಾಡುವವರು ದಯವಿಟ್ಟು ಇದನ್ನು ನೆನಪಿಡಿ.

ಸಾಫ್ಟ್‌ವೇರ್ ಪೈಥಾನ್‌ನಲ್ಲಿದೆ. ಗೇಟ್‌ವೇ ಜೊತೆ ಎಸ್‌ಎನ್‌ಎಂಪಿಯಲ್ಲಿ, ಅಂದರೆ ನೆಟ್‌ವರ್ಕ್ ಸಾಧನಗಳ ಸ್ಥಿತಿ ಕೇಳುವ ಪದ್ಧತಿಯಲ್ಲಿ, ಮಾತಾಡುತ್ತದೆ. 161ನೇ ಪೋರ್ಟ್‌ನಲ್ಲಿ ನಾವು ಕೇಳುತ್ತೇವೆ, 162ರಲ್ಲಿ ಅದು ತಾನಾಗಿಯೇ ಟ್ರ್ಯಾಪ್ (ಏನೋ ಆಗಿದೆ ಎನ್ನುವ ಸೂಚನೆ) ಕಳಿಸುತ್ತದೆ.

ಈ ಸಲದ ಕೆಲಸದ ದಿಕ್ಕು ಬದಲಾಗಿದ್ದು ಒಬ್ಬ ಗೆಳೆಯನಿಂದ. ಅವನು ನೆಟ್‌ವರ್ಕ್ ಆಪರೇಷನ್ ಸೆಂಟರ್‌ನಲ್ಲಿ ನೈಟ್ ಶಿಫ್ಟ್ ಮಾಡುತ್ತಾನೆ. ನನ್ನ ಪರದೆ ನೋಡಿ ಹೇಳಿದ: "ಗ್ರಾಫ್ ಚೆನ್ನಾಗಿದೆ ಕಣೋ. ಆದ್ರೆ ರಾತ್ರಿ ಎರಡು ಗಂಟೆಗೆ ನಂಗೆ ಗ್ರಾಫ್ ಬೇಡ. ಯಾರನ್ನ ಎಬ್ಬಿಸ್ಬೇಕು, ಅದನ್ನ ಹೇಳು." ಆ ಪ್ರಶ್ನೆಗೆ ಉತ್ತರ ಕೊಡದ ಯಾವುದನ್ನೂ ಮುಖ್ಯ ಪರದೆಯಲ್ಲಿ ಇಡಬಾರದು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಒಂದು ವೈರ್ ಕಿತ್ತರೆ ಏನಾಗುತ್ತದೆ

ಇ-1 ಕೇಬಲ್ ಕಿತ್ತು ನೋಡಿ. ಸಿಗ್ನಲ್ ಇಲ್ಲ ಅನ್ನುವ ಅಲಾರಂ ಬರುತ್ತದೆ. ಇಂಟರ್‌ಫೇಸ್ ಡೌನ್ ಅಂತ ಒಂದು ಟ್ರ್ಯಾಪ್. ಸಿಗ್ನಲಿಂಗ್ ಚಾನೆಲ್ ಬಿತ್ತು ಅಂತ ಇನ್ನೊಂದು. ಆಮೇಲೆ 30 ಮಾತಿನ ಚಾನೆಲ್‌ಗಳ ಸರದಿ. ಕಿತ್ತಿದ್ದು ಒಂದೇ ವೈರ್, ಪರದೆ ತುಂಬ ಕೆಂಪು. ಇಷ್ಟು ಅಲಾರಂ ನಡುವೆ ನಿಜವಾದ ಸುದ್ದಿ ಹೂತುಹೋಗುತ್ತದೆ.

ಈಗ ಸಾಫ್ಟ್‌ವೇರ್‌ಗೆ ಯಾವುದರ ಮೇಲೆ ಯಾವುದು ನಿಂತಿದೆ ಎಂದು ಗೊತ್ತು. ಚಾನೆಲ್‌ಗಳು ಸಿಗ್ನಲಿಂಗ್ ಮೇಲೆ, ಸಿಗ್ನಲಿಂಗ್ ಲೈನ್ ಮೇಲೆ. ಟ್ರ್ಯಾಪ್ ಬಂದ ಕೂಡಲೇ ಕೂಗುವುದಿಲ್ಲ. ಕೆಲವು ಸೆಕೆಂಡ್ ಕಾಯುತ್ತದೆ, ಕೆಳಗಿನ ಮೆಟ್ಟಿಲು ಬಿದ್ದಿದೆಯಾ ನೋಡುತ್ತದೆ. ಬಿದ್ದಿದ್ದರೆ ಮೇಲಿನ ಅಲಾರಂಗಳನ್ನೆಲ್ಲ ಅದರ ಅಡಿಗೆ ಸೇರಿಸಿ ಒಂದೇ ಸಾಲು ತೋರಿಸುತ್ತದೆ. ಉಳಿದವನ್ನು ಅಳಿಸುವುದಿಲ್ಲ. ಬೇಕಾದವರು ಬಿಚ್ಚಿ ನೋಡಬಹುದು.

ಆ ಒಂದು ಸಾಲಿನಲ್ಲಿ ಏನು ಬರೆಯಬೇಕು ಅನ್ನುವುದೇ ನನಗೆ ಜಾಸ್ತಿ ಖುಷಿ ಕೊಟ್ಟ ಭಾಗ. ಇ-1 ಥರದ ಲೈನ್‌ಗಳಿಗೆ ಆರ್‌ಎಫ್‌ಸಿ 4805 ಎಂಬ ಇಂಟರ್‌ನೆಟ್ ಮಾನದಂಡ ಒಂದು ಮಾಹಿತಿ ಪಟ್ಟಿಯನ್ನು ಗೊತ್ತುಮಾಡಿದೆ. ಅದರಲ್ಲಿ ಲೈನ್ ಸ್ಥಿತಿ ಅನ್ನುವುದು ಒಂದೇ ಒಂದು ಸಂಖ್ಯೆ, ಆದರೆ ಅದರ ಪ್ರತಿ ಬಿಟ್‌ಗೂ ಬೇರೆ ಬೇರೆ ಅರ್ಥ. 1 ಅಂದರೆ ತೊಂದರೆ ಇಲ್ಲ. 64 ಅಂದರೆ ನಮ್ಮ ಕಡೆಗೆ ಸಿಗ್ನಲ್ಲೇ ಬರುತ್ತಿಲ್ಲ. 32 ಅಂದರೆ ಸಿಗ್ನಲ್ ಇದೆ, ಫ್ರೇಮ್ ಕೂಡಿಬರುತ್ತಿಲ್ಲ. 8 ಅಂದರೆ ಎಐಎಸ್, ಅಂದರೆ ಎಲ್ಲ ಬಿಟ್‌ಗಳೂ 1 ಆಗಿರುವ ಸಿಗ್ನಲ್ ಬರುತ್ತಿದೆ. 2 ಅಂದರೆ ಎದುರಿನವರು "ನಿಮ್ಮದು ನಮಗೆ ಸರಿಯಾಗಿ ಬರುತ್ತಿಲ್ಲ" ಎಂದು ದೂರುತ್ತಿದ್ದಾರೆ. ಆ ದೂರನ್ನು ನಾವು ಕಳಿಸುತ್ತಿದ್ದರೆ 4. ಹಾಗಾಗಿ 68 ಕಂಡರೆ ಅದು 64 ಮತ್ತು 4: ನಮಗೆ ಸಿಗ್ನಲ್ ಬರುತ್ತಿಲ್ಲ, ಅದನ್ನು ಎದುರಿನವರಿಗೆ ತಿಳಿಸುತ್ತಿದ್ದೇವೆ.

ನಮ್ಮ ಬೀದಿಯಲ್ಲಿ ಒಬ್ಬರು ಹಿರಿಯರಿದ್ದಾರೆ. ಟೆಲಿಫೋನ್ ಇಲಾಖೆಯಲ್ಲಿ ಟ್ರಾನ್ಸ್‌ಮಿಷನ್ ನೋಡಿಕೊಳ್ಳುತ್ತಿದ್ದವರು. ಈ ಸಂಖ್ಯೆಗಳ ಪಟ್ಟಿ ತೋರಿಸಿದಾಗ ಅವರು ಬಿಡಿಸಿ ಹೇಳಿದರು: "ಸಿಗ್ನಲ್ಲೇ ಇಲ್ಲ ಅಂದ್ರೆ ಹತ್ತಿರದ ಕೇಬಲ್ ನೋಡಪ್ಪ, ಕನೆಕ್ಟರ್ ನೋಡು. ಎಐಎಸ್ ಬಂತು ಅಂದ್ರೆ ಮಧ್ಯದ ಮಕ್ಸ್ ಜೀವಂತ ಇದೆ, ಅದರಾಚೆ ಕಟ್ ಆಗಿದೆ. ಎದುರಿನವರು ದೂರ್ತಿದ್ದಾರೆ ಅಂದ್ರೆ ನಿನ್ನ ಕಳಿಸೋ ಜೋಡಿ ಹೋಗಿದೆ." ಮಕ್ಸ್ ಅಂದರೆ ದಾರಿ ಮಧ್ಯೆ ಹಲವು ಲೈನ್‌ಗಳನ್ನು ಒಂದಾಗಿ ಸೇರಿಸುವ ಪೆಟ್ಟಿಗೆ. ಇ-1ರಲ್ಲಿ ಕಳಿಸಲು ಒಂದು ಜೋಡಿ ವೈರ್, ಪಡೆಯಲು ಇನ್ನೊಂದು ಜೋಡಿ. ಒಂದೇ ಜೋಡಿ ಕಿತ್ತರೆ ಒಂದು ತುದಿಯಲ್ಲಿ 68, ಇನ್ನೊಂದು ತುದಿಯಲ್ಲಿ 2. ಆಸ್ಟರಿಸ್ಕ್ ಕಡೆಯ ಅಲಾರಂಗಳನ್ನೂ ಪಕ್ಕದಲ್ಲಿ ಇಟ್ಟು ನೋಡಿದೆ, ಅವರು ಹೇಳಿದ ಹಾಗೇ ಬಂತು. ಅವರ ಮಾತುಗಳೇ ಈಗ ಸಾಫ್ಟ್‌ವೇರ್‌ನ ಸಂದೇಶಗಳಾಗಿವೆ. ಲಿಂಕ್ ಡೌನ್ ಅನ್ನುವ ಬದಲು "ಮೂರನೇ ಇ-1: ಬರುವ ಜೋಡಿಯಲ್ಲಿ ಸಿಗ್ನಲ್ ಇಲ್ಲ, ಹತ್ತಿರದ ಕೇಬಲ್ ಪರೀಕ್ಷಿಸಿ" ಎಂದು ಬರುತ್ತದೆ.

ಲೂಪ್ ವಿಷಯವೂ ಅವರಿಂದಲೇ ಬಂತು. ಲೈನ್ ಪರೀಕ್ಷೆ ಮಾಡುವವರು ಮಧ್ಯದ ವೈರಿಂಗ್ ಚೌಕಟ್ಟಿನಲ್ಲಿ ಲೂಪ್ ಕೊಡುತ್ತಾರೆ. ಅಂದರೆ ನಾವು ಕಳಿಸಿದ್ದು ನಮಗೇ ವಾಪಸ್ ಬರುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲು ಮರೆತರೆ? ಲೈನ್ ಸ್ಥಿತಿ 1 ಅಂತಲೇ ತೋರಿಸುತ್ತದೆ, ಎಲ್ಲ ಹಸಿರು. ಕರೆ ಮಾತ್ರ ಒಂದೂ ಹೋಗುವುದಿಲ್ಲ. ಇದನ್ನು ಹಿಡಿಯಲು ಸಿಗ್ನಲಿಂಗ್ ಚಾನೆಲ್ ನೋಡಬೇಕು. ತನ್ನದೇ ಫ್ರೇಮ್ ವಾಪಸ್ ಬಂದರೆ ಐಎಸ್‌ಡಿಎನ್‌ನ (ಇಲ್ಲಿ ಬಳಸಿರುವ ಸಿಗ್ನಲಿಂಗ್ ಪದ್ಧತಿ) ಎರಡನೇ ಪದರ, ಅಂದರೆ ಎರಡೂ ತುದಿಗಳ ನಡುವಿನ ಸಂಪರ್ಕ, ಏಳುವುದಿಲ್ಲ. ಆರ್‌ಎಫ್‌ಸಿ 2127ರಲ್ಲಿ ಆ ಚಾನೆಲ್‌ಗೆ ಮೂರು ಸ್ಥಿತಿಗಳಿವೆ: 1 ಅಂದರೆ ಸತ್ತಿದೆ, 2 ಅಂದರೆ ಮೊದಲ ಪದರ (ಲೈನ್) ಮಾತ್ರ ಎದ್ದಿದೆ, 3 ಅಂದರೆ ಎರಡೂ ಎದ್ದಿವೆ. ಲೈನ್ 1ರಲ್ಲಿ, ಸಿಗ್ನಲಿಂಗ್ 2ರಲ್ಲಿ ತುಂಬ ಹೊತ್ತು ನಿಂತರೆ "ಲೂಪ್ ಉಳಿದಿರಬಹುದು, ಅಥವಾ ಎದುರಿನ ಸೆಟ್ಟಿಂಗ್ ನೋಡಿ" ಎಂದು ಸಾಫ್ಟ್‌ವೇರ್ ಹೇಳುತ್ತದೆ. ಲೂಪ್ ಪ್ಲಗ್ ಹಾಕಿ ಪರೀಕ್ಷಿಸಿದೆ, ಸರಿಯಾಗಿ ಹಿಡಿಯಿತು.

ಹಸಿರು ದೀಪದ ಹಿಂದೆ ಅಡಗುವ ಇನ್ನೊಂದು ತೊಂದರೆ ಕ್ಲಾಕ್, ಅಂದರೆ ಬಿಟ್‌ಗಳ ವೇಗ ಹಿಡಿದಿಡುವ ಗಡಿಯಾರ. ಎರಡೂ ತುದಿ ತಮ್ಮ ತಮ್ಮ ಕ್ಲಾಕ್‌ನಲ್ಲೇ ಓಡಿದರೆ ಫ್ರೇಮ್ ಆಗಾಗ ಜಾರುತ್ತದೆ. ಲೆಕ್ಕ ಸುಲಭ: ಒಂದು ಫ್ರೇಮ್ 125 ಮೈಕ್ರೋಸೆಕೆಂಡ್. ಕ್ಲಾಕ್‌ಗಳ ನಡುವೆ ಹತ್ತು ಲಕ್ಷಕ್ಕೆ ಒಂದರಷ್ಟು ವ್ಯತ್ಯಾಸ ಇದ್ದರೂ 125 ಸೆಕೆಂಡ್‌ಗೊಮ್ಮೆ ಒಂದು ಫ್ರೇಮ್ ಹೋಗುತ್ತದೆ. ಮಾತಿನಲ್ಲಿ ಇದು ಗೊತ್ತೇ ಆಗದಿರಬಹುದು, ಫ್ಯಾಕ್ಸ್ ಮತ್ತು ಮೋಡೆಮ್ ಒದ್ದಾಡುತ್ತವೆ. ಬೇಕಂತಲೇ ಹಾಗೆ ಸೆಟ್ ಮಾಡಿ ನೋಡಿದೆ. ಲೈನ್ ಸ್ಥಿತಿ 1ರಿಂದ ಕದಲಲಿಲ್ಲ. ಸ್ಲಿಪ್ (ಫ್ರೇಮ್ ಜಾರಿದ) ಸೆಕೆಂಡ್‌ಗಳ ಕೌಂಟರ್ ಮಾತ್ರ ಏರುತ್ತಾ ಹೋಯಿತು. ಈಗ ಅದಕ್ಕೊಂದು ಪ್ರತ್ಯೇಕ ಎಚ್ಚರಿಕೆ ಇದೆ.

ಈ ಕೌಂಟರ್‌ಗಳ ಇನ್ನೊಂದು ಗುಣ ನನಗೆ ಬಹಳ ಇಷ್ಟ. ಗೇಟ್‌ವೇ 15 ನಿಮಿಷದ ಕಂತುಗಳಲ್ಲಿ 96 ಕಂತು, ಅಂದರೆ ಪೂರ್ತಿ ಒಂದು ದಿನದ ದಾಖಲೆ ಇಟ್ಟುಕೊಳ್ಳುತ್ತದೆ. ಕರೆಂಟ್ ಹೋಗಿ ನನ್ನ ಸರ್ವರ್ ಮಲಗಿದರೂ, ಯುಪಿಎಸ್ ಮೇಲಿರುವ ಗೇಟ್‌ವೇಯಿಂದ ಆಮೇಲೆ ಎಲ್ಲವನ್ನೂ ತುಂಬಿಕೊಳ್ಳಬಹುದು. ಒಂದೇ ಎಚ್ಚರ: 1ನೇ ಕಂತು ಯಾವಾಗಲೂ ಇತ್ತೀಚೆಗೆ ಮುಗಿದದ್ದು. ಪ್ರತಿ 15 ನಿಮಿಷಕ್ಕೂ ಎಲ್ಲ ನಂಬರ್ ಒಂದೊಂದು ಜರುಗುತ್ತವೆ. ಹಾಗಾಗಿ ಈಗಿನ ಕಂತಿನಲ್ಲಿ ಎಷ್ಟು ಸೆಕೆಂಡ್ ಕಳೆದಿದೆ ಎಂದು ಮೊದಲು ಕೇಳಿ, ಅದರಿಂದ ಗಡಿಯಾರದ ಸಮಯ ಲೆಕ್ಕ ಹಾಕಿ ಉಳಿಸುತ್ತೇನೆ.

ಟ್ರ್ಯಾಪ್ ನಂಬಿ ಕೂರುವ ಹಾಗಿಲ್ಲ. ಅದು ಹೋಗುವುದು ಯುಡಿಪಿಯಲ್ಲಿ, ಅಂದರೆ ತಲುಪಿತೇ ಎಂದು ನೋಡದೆ ಕಳಿಸುವ ಪದ್ಧತಿಯಲ್ಲಿ. ನೆಟ್‌ವರ್ಕ್ ಕೆಟ್ಟ ಹೊತ್ತಲ್ಲೇ ಕಳೆದುಹೋಗಬಹುದು. ಆದ್ದರಿಂದ ಟ್ರ್ಯಾಪ್ ಬಂದರೆ "ಹೋಗಿ ನೋಡು" ಅನ್ನುವ ಸೂಚನೆ ಮಾತ್ರ. ಸ್ಥಿತಿ ಯಾವುದು ಎಂದು ತೀರ್ಮಾನಿಸುವುದು ಪೋಲಿಂಗ್, ಅಂದರೆ ನಾವೇ ಆಗಾಗ ಕೇಳುವುದು. ಗೇಟ್‌ವೇ ರೀಬೂಟ್ ಆಯಿತೇ ಎಂದು ತಿಳಿಯಲು ಅಪ್‌ಟೈಮ್ (ಎಷ್ಟು ಹೊತ್ತಿನಿಂದ ಓಡುತ್ತಿದೆ ಎನ್ನುವ ಎಣಿಕೆ) ಒಂದೇ ಸಾಲದು. ಅದು 32 ಬಿಟ್‌ನಲ್ಲಿ ಸೆಕೆಂಡಿನ ನೂರನೇ ಭಾಗಗಳನ್ನು ಎಣಿಸುತ್ತದೆ, 497 ದಿನಕ್ಕೆ ಸುತ್ತಿ ಸೊನ್ನೆಗೆ ಬರುತ್ತದೆ. ಮೂರನೇ ಆವೃತ್ತಿಯ ಎಸ್‌ಎನ್‌ಎಂಪಿಯಲ್ಲಿ ಬೂಟ್ ಎಣಿಕೆ ಬೇರೆಯಾಗಿಯೇ ಸಿಗುತ್ತದೆ, ಅದನ್ನೇ ಬಳಸಿದ್ದೇನೆ.

ಲೈನ್ ಸರಿ, ಕರೆ ಸರಿಯಾ?

ಇದಕ್ಕೆ ಕರೆಗಳ ದಾಖಲೆಯೇ ಬೇಕು. ಪ್ರತಿ ಕರೆ ಮುಗಿದ ಮೇಲೆ ಗೇಟ್‌ವೇ ರೇಡಿಯಸ್ ಎಂಬ ಪದ್ಧತಿಯಲ್ಲಿ ಸರ್ವರ್‌ಗೆ ಒಂದು ಲೆಕ್ಕ ಕಳಿಸುತ್ತದೆ. ಅದರಿಂದ ಮೊದಲು ಎಎಸ್‌ಆರ್ ತೆಗೆದೆ, ಅಂದರೆ ಹೋದ ಕರೆಗಳಲ್ಲಿ ಎಷ್ಟನ್ನು ಎತ್ತಿದರು ಎನ್ನುವ ಶೇಕಡಾವಾರು. ಆದರೆ ಜನ ಫೋನ್ ಎತ್ತದಿದ್ದರೂ ಇದು ಬೀಳುತ್ತದೆ. ಅದು ನೆಟ್‌ವರ್ಕ್ ತಪ್ಪಲ್ಲ, ಅಲ್ವಾ? ಅದಕ್ಕೇ ಅಲಾರಂ ಕಟ್ಟಿದ್ದು ಎನ್‌ಇಆರ್‌ಗೆ, ಅಂದರೆ ನೆಟ್‌ವರ್ಕ್ ತನ್ನ ಕೆಲಸ ಸರಿಯಾಗಿ ಮಾಡಿದ ಕರೆಗಳ ಶೇಕಡಾವಾರಿಗೆ. ಅದರಲ್ಲಿ ಬ್ಯುಸಿ, ಎತ್ತಲಿಲ್ಲ ಅನ್ನುವುದೂ ಯಶಸ್ಸಿನ ಲೆಕ್ಕಕ್ಕೇ ಸೇರುತ್ತದೆ, ಯಾಕಂದರೆ ಕರೆ ತಲುಪಬೇಕಾದಲ್ಲಿಗೆ ತಲುಪಿದೆ. ಕರೆ ತೀರಾ ಕಡಿಮೆ ಇರುವ ಹೊತ್ತಲ್ಲಿ ಶೇಕಡಾ ಲೆಕ್ಕ ದಾರಿ ತಪ್ಪಿಸುತ್ತದೆ. ಮೂರು ಕರೆಯಲ್ಲಿ ಒಂದು ಬಿದ್ದರೆ 67 ಆಗಿಬಿಡುತ್ತದೆ. ಆದ್ದರಿಂದ ಕನಿಷ್ಠ ಇಷ್ಟು ಕರೆ ಆಗುವವರೆಗೆ ತೀರ್ಪು ಬೇಡ ಎಂದು ಇಟ್ಟಿದ್ದೇನೆ.

ಕರೆ ಯಾಕೆ ಬಿತ್ತು ಅನ್ನುವುದು ಕ್ಯು.850 ಎಂಬ ಟೆಲಿಕಾಂ ಮಾನದಂಡದ ಕಾರಣ ಸಂಖ್ಯೆಯಲ್ಲಿ ಇರುತ್ತದೆ. 17 ಅಂದರೆ ಬ್ಯುಸಿ. 34 ಅಂದರೆ ಖಾಲಿ ಚಾನೆಲ್ ಇಲ್ಲ. 38 ಅಂದರೆ ನೆಟ್‌ವರ್ಕ್ ಕೆಟ್ಟಿದೆ. 41 ಅಂದರೆ ತಾತ್ಕಾಲಿಕ ತೊಂದರೆ. 42 ಅಂದರೆ ಸ್ವಿಚ್‌ಗೆ ಭಾರ ಜಾಸ್ತಿ. ಈ ಸಂಖ್ಯೆ ಸಿಪ್ (ಐಪಿ ಜಾಲದಲ್ಲಿ ಕರೆ ಜೋಡಿಸುವ ಪದ್ಧತಿ) ಕಡೆಗೆ ಹೋದಾಗ, ಆರ್‌ಎಫ್‌ಸಿ 3398ರ ಪ್ರಕಾರ 34, 38, 41, 42 ನಾಲ್ಕೂ 503, ಅಂದರೆ "ಸೇವೆ ಲಭ್ಯವಿಲ್ಲ" ಆಗಿಬಿಡುತ್ತವೆ. ಚಾನೆಲ್ ಸಾಲದಿದ್ದರೆ ಇನ್ನೊಂದು ಇ-1 ಕೇಳಬೇಕು, ನೆಟ್‌ವರ್ಕ್ ಕೆಟ್ಟಿದ್ದರೆ ಎದುರಿನವರನ್ನು ಎಬ್ಬಿಸಬೇಕು. ಎರಡೂ ಪೂರ್ತಿ ಬೇರೆ ಕೆಲಸ. 503 ಮಾತ್ರ ನೋಡುವ ಸಾಫ್ಟ್‌ವೇರ್‌ಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಹಾಗಾಗಿ ಸಿಪ್ ಸಂದೇಶದಲ್ಲಿ ಕಾರಣ ಬರೆಯುವ ಜಾಗವಾದ ರೀಸನ್ ಹೆಡರ್‌ನಲ್ಲಿ ಮೂಲ ಸಂಖ್ಯೆ ಇದ್ದರೆ ಅದನ್ನೇ ತೆಗೆದುಕೊಳ್ಳುತ್ತೇನೆ. ಇಲ್ಲದಿದ್ದರೆ ರೇಡಿಯಸ್ ದಾಖಲೆಯದ್ದು.

ಈ ಭಾಗದಲ್ಲಿ ನನ್ನನ್ನು ಜಾಸ್ತಿ ಹಿಡಿದಿಟ್ಟಿದ್ದು ಕಿಲ್ಲರ್ ಟ್ರಂಕ್. 120 ಚಾನೆಲ್‌ಗಳಲ್ಲಿ ಒಂದು ಕೆಟ್ಟಿದೆ ಎಂದುಕೊಳ್ಳಿ. ಅದಕ್ಕೆ ಹೋದ ಕರೆ ಒಂದೆರಡು ಸೆಕೆಂಡಲ್ಲಿ ಬೀಳುತ್ತದೆ. ಕೂಡಲೇ ಆ ಚಾನೆಲ್ ಖಾಲಿಯಾಗುತ್ತದೆ, ಮುಂದಿನ ಕರೆಯೂ ಅದಕ್ಕೇ ಹೋಗುತ್ತದೆ. ಒಳ್ಳೆಯ ಚಾನೆಲ್‌ಗಳು ನಿಮಿಷಗಟ್ಟಲೆ ಮಾತಿನಲ್ಲಿ ತುಂಬಿರುತ್ತವೆ, ಕೆಟ್ಟದ್ದು ಮಾತ್ರ ಮತ್ತೆ ಮತ್ತೆ ಸಿಗುತ್ತದೆ. ಚಿಕ್ಕ ನಂಬರ್‌ನಿಂದ ಹುಡುಕುವ ಕ್ರಮ ಇದ್ದು, ಕೆಟ್ಟ ಚಾನೆಲ್ ಮೊದಲಲ್ಲೇ ಇದ್ದರೆ ಇನ್ನೂ ಕಷ್ಟ. ನೂರಿಪ್ಪತ್ತರಲ್ಲಿ ಒಂದು ಕೆಟ್ಟರೆ ಶೇಕಡಾ ಒಂದೂ ಇಲ್ಲ ಅನ್ನಿಸುತ್ತದೆ, ಆದರೆ ಅದು ನುಂಗುವ ಕರೆಗಳು ಅದಕ್ಕಿಂತ ಎಷ್ಟೋ ಪಟ್ಟು. ಆಸ್ಟರಿಸ್ಕ್‌ನಲ್ಲಿ ಒಂದು ಚಾನೆಲ್ ಬಂದ ಕರೆಯನ್ನೆಲ್ಲ ತಕ್ಷಣ ಕತ್ತರಿಸುವಂತೆ ಮಾಡಿ ಸಿಪ್‌ಪಿ ಓಡಿಸಿದೆ. ಇಡೀ ಗೇಟ್‌ವೇಯ ಎನ್‌ಇಆರ್ ಬಿದ್ದಿದ್ದು ಕಂಡಿತು, ಕಾರಣ ಕಾಣಲಿಲ್ಲ. ಚಾನೆಲ್‌ವಾರು ಲೆಕ್ಕ ತೆಗೆದಾಗ ಆ ಒಂದೇ ಚಾನೆಲ್ ಎದ್ದು ಕಂಡಿತು: ಕರೆಗಳು ರಾಶಿ, ಸರಾಸರಿ ಅವಧಿ ಹೆಚ್ಚುಕಮ್ಮಿ ಸೊನ್ನೆ. ಈಗ ಸಾಫ್ಟ್‌ವೇರ್ ಪಕ್ಕದ ಚಾನೆಲ್‌ಗಳ ಜೊತೆ ಹೋಲಿಸಿ ಇಂಥದ್ದನ್ನು ಹೆಸರಿಸಿ ಹೇಳುತ್ತದೆ. ತಾನಾಗಿ ಮುಚ್ಚುವುದಿಲ್ಲ. ಓಡುತ್ತಿರುವ ಪೆಟ್ಟಿಗೆಯಲ್ಲಿ ಚಾನೆಲ್ ಮುಚ್ಚುವ ತೀರ್ಮಾನ ಮನುಷ್ಯರದ್ದೇ ಆಗಿರಬೇಕು.

ಸಾಮರ್ಥ್ಯದ ಒಂದು ಸಣ್ಣ ಪಟ್ಟಿಯನ್ನೂ ಸೇರಿಸಿದೆ. ಡೆನ್ಮಾರ್ಕ್‌ನ ಎರ್ಲಾಂಗ್ 1917ರಲ್ಲಿ ಕೊಟ್ಟ ಸೂತ್ರವೇ ಇದಕ್ಕೆ ಸಾಕು. ನೂರಕ್ಕೆ ಒಂದು ಕರೆ ಬಿದ್ದರೆ ಪರವಾಗಿಲ್ಲ ಎಂದಿಟ್ಟುಕೊಂಡರೆ 120 ಚಾನೆಲ್‌ಗಳು ಸುಮಾರು 103 ಎರ್ಲಾಂಗ್, ಅಂದರೆ ಸರಾಸರಿ ಒಟ್ಟಿಗೆ 103 ಕರೆಯಷ್ಟು ಸಂಚಾರ ಹೊರುತ್ತವೆ. ಒಂದು ಇ-1 ಬಿದ್ದು 90 ಉಳಿದರೆ ಸುಮಾರು 75. ಆ ಹೊತ್ತಿನ ಸಂಚಾರ 75ಕ್ಕಿಂತ ಕಡಿಮೆ ಇದ್ದರೆ ಬೆಳಗಿನವರೆಗೆ ಕಾಯಬಹುದು, ಜಾಸ್ತಿ ಇದ್ದರೆ ಈಗಲೇ ಯಾರನ್ನಾದರೂ ಎಬ್ಬಿಸಬೇಕು. ಅಲಾರಂನ ತೀವ್ರತೆ ಈಗ ಈ ಲೆಕ್ಕದ ಮೇಲೆ ನಿಲ್ಲುತ್ತದೆ. ಬ್ಯಾಂಡ್‌ವಿಡ್ತ್ ಚಿಂತೆ ನನಗಿಲ್ಲ. ಜಿ.711 ಎಂಬ ಧ್ವನಿ ಕೋಡಿಂಗ್‌ನಲ್ಲಿ 20 ಮಿಲಿಸೆಕೆಂಡ್ ಪ್ಯಾಕೆಟ್ ಹಿಡಿದರೆ ಈಥರ್ನೆಟ್ ಮೇಲೆ ಒಂದು ಕರೆಗೆ 87.2 ಕೆಬಿಪಿಎಸ್. 120 ಕರೆಗೂ ಒಂದು ದಿಕ್ಕಿಗೆ ಹತ್ತೂವರೆ ಎಂಬಿಪಿಎಸ್ ಮೀರುವುದಿಲ್ಲ.

ಮುಂದಿನ ಕೆಲಸ ಧ್ವನಿ. ಕರೆ ಸೇರಿದೆ, ಲೈನ್ ಹಸಿರು, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿಲ್ಲ. ಈ ಒಂದು ಕಡೆಯ ಆಡಿಯೋ ತೊಂದರೆಯನ್ನು ಸದ್ಯಕ್ಕೆ ಸರಾಸರಿ ಅವಧಿ ಕುಸಿಯುವುದರಿಂದ ಮಾತ್ರ ಊಹಿಸುತ್ತಿದ್ದೇನೆ. ಕರೆ ನಡೆಯುವಾಗಲೇ ಬರುವ ಆರ್‌ಟಿಸಿಪಿ ವರದಿಗಳಿಂದ ಪ್ಯಾಕೆಟ್ ನಷ್ಟ ಮತ್ತು ಜಿಟ್ಟರ್ (ಪ್ಯಾಕೆಟ್ ಬರುವ ಹೊತ್ತಿನ ಏರುಪೇರು) ತೆಗೆದು, ಜಿ.107 ಮಾನದಂಡದ ಇ-ಮಾಡೆಲ್‌ನ ಆರ್ ಅಂಕ, ಅಂದರೆ ಧ್ವನಿಯ ಗುಣಮಟ್ಟದ ಅಂಕ ಕಟ್ಟುವ ಕೋಡ್ ಅರ್ಧ ಬರೆದಿದೆ. ಮಾನದಂಡದ ಪೂರ್ವನಿಗದಿತ ಮೌಲ್ಯಗಳನ್ನು ಹಾಕಿದಾಗ 93.2 ಬರಬೇಕು, ಬರುತ್ತಿದೆ. ಇನ್ನು ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಬೇಕಂತಲೇ ಕೆಡಿಸುವ ನೆಟೆಮ್ ಎಂಬ ಸಾಧನದಿಂದ ಬೇಕಂತಲೇ ಪ್ಯಾಕೆಟ್ ಬೀಳಿಸಿ, ಅಂಕ ಎಷ್ಟು ಇಳಿಯುತ್ತದೆ, ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಕನ್ನಡದ ಮಾತನ್ನೇ ರೆಕಾರ್ಡ್ ಮಾಡಿ ಸಿಪ್‌ಪಿಯಿಂದ ನುಡಿಸಲು ಫೈಲ್‌ಗಳು ಸಿದ್ಧವಾಗಿವೆ.