ಕೆಂಪು ಕ್ಯಾಲಿಪರ್ ಇನ್ನೂ ಕಾರ್ಟಿನಲ್ಲೇ ಇದೆ

ನಾಲ್ಕು ತಿಂಗಳಿಂದ ನನ್ನ ಆನ್‌ಲೈನ್ ಕಾರ್ಟಿನಲ್ಲಿ ಒಂದು ಬ್ರೇಕ್ ಕಿಟ್ ಕೂತಿದೆ. ನಾಲ್ಕು ಪಿಸ್ಟನ್ನಿನ ಕೆಂಪು ಕ್ಯಾಲಿಪರ್, ದೊಡ್ಡ ಡಿಸ್ಕ್, ಸ್ಟೀಲ್ ಹೆಣೆದ ಹೋಸ್. ಕ್ಯಾಲಿಪರ್ ಅಂದರೆ ಚಕ್ರದ ಜತೆ ತಿರುಗುವ ಡಿಸ್ಕನ್ನು ಪ್ಯಾಡಿನಿಂದ ಅದುಮಿ ಹಿಡಿಯುವ ಇಕ್ಕಳ. ಬೆಲೆ ಸಾವಿರ ಡಾಲರಿಗೆ ಸ್ವಲ್ಪ ಕಮ್ಮಿ. ರಾತ್ರಿ ಊಟ ಆದ ಮೇಲೆ ಫೋನ್ ತೆಗೆದು ಒಮ್ಮೆ ನೋಡುತ್ತೇನೆ, ಮುಚ್ಚಿಡುತ್ತೇನೆ. ಹೆಂಡತಿ ಇದಕ್ಕೆ ಸಂಧ್ಯಾವಂದನೆ ಅಂತ ಹೆಸರಿಟ್ಟಿದ್ದಾಳೆ.

ಕಾರು 1992ರ ಮಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆಯ ಟಾಪು, 1.6 ಲೀಟರ್ ಎಂಜಿನ್, 116 ಕುದುರೆ. ತೂಕ ಒಂದು ಟನ್ನಿಗಿಂತ ಕಡಿಮೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನಮ್ಮ ಬೀದಿಯಲ್ಲಿ ಎಲ್ಲರದ್ದೂ ಎಲೆಕ್ಟ್ರಿಕ್ ಕಾರು, ನನ್ನದೊಂದೇ ಬೆಳಿಗ್ಗೆ ಕೆಮ್ಮುವುದು. ಇದರಲ್ಲಿ ದಿನಸಿ ಎಲ್ಲಿಡ್ತೀರಿ ಅಂತ ಕೇಳುವವರಿಗೆ ಲೆಕ್ಕವಿಲ್ಲ. ಸೋನಾ ಮಸೂರಿ ಮೂಟೆ ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಬರುತ್ತದೆ, ಮತ್ತೆಲ್ಲಿ?

ಬ್ರೇಕಿನ ಯೋಚನೆ ಶುರುವಾಗಿದ್ದು ಜೂನ್‌ನಲ್ಲಿ. ವಿಲೋಸ್ ಊರಿನ ಹತ್ತಿರ ಥಂಡರ್‌ಹಿಲ್ ಅಂತ ಒಂದು ರೇಸ್ ಟ್ರ್ಯಾಕ್ ಇದೆ. ನಮ್ಮನೆಯಿಂದ ಎರಡೂವರೆ ಗಂಟೆ ದಾರಿ. ದುಡ್ಡು ಕಟ್ಟಿದರೆ ನಿಮ್ಮ ಸ್ವಂತ ಕಾರನ್ನೇ ಅಲ್ಲಿ ಇಪ್ಪತ್ತಿಪ್ಪತ್ತು ನಿಮಿಷ ಓಡಿಸಬಹುದು. ರೇಸ್ ಅಲ್ಲ, ಸುಮ್ನೆ ಅಭ್ಯಾಸ. ಪಕ್ಕದಲ್ಲಿ ಹೇಳಿಕೊಡುವವರು ಕೂರುತ್ತಾರೆ. ಮೂರು ಮೈಲಿಯ ಸುತ್ತು, 15 ತಿರುವು. ಜೂನಿನಲ್ಲಿ ಆ ಕಣಿವೆ ಅಂದರೆ ನಮ್ಮ ರಾಯಚೂರು.

ಮಧ್ಯಾಹ್ನದ ಮೂರನೇ ಸರದಿ. ಐದನೇ ಸುತ್ತು. ಹಿಂದಿನ ನೇರ ದಾರಿ ಮುಗಿದು 14ನೇ ತಿರುವು ಬರುವಾಗ ಜೋರಾಗಿ ಬ್ರೇಕ್ ಒತ್ತಬೇಕು. ಒತ್ತಿದೆ. ಕಾಲು ಕೆಳಗೆ ಹೋಯಿತು. ಹೋಗುತ್ತಲೇ ಇತ್ತು. ಹಳೇ ಸೋಫಾ ಮೇಲೆ ಕೂತ ಹಾಗೆ. ಬಿಟ್ಟು ಮತ್ತೆ ಎರಡು ಸಲ ಪಂಪ್ ಮಾಡಿದೆ. ಆಗ ಅರ್ಧಂಬರ್ಧ ಹಿಡಿಯಿತು. ಎರಡು ಚಕ್ರ ಮಣ್ಣಿಗಿಳಿದು, ಕಾರು ಧೂಳೆಬ್ಬಿಸಿ, ಹೇಗೋ ಟಾರಿಗೆ ವಾಪಸ್ ಬಂತು. ಪಕ್ಕದಲ್ಲಿದ್ದ ಅಜ್ಜ "ಪಿಟ್‌ಗೆ ಹೋಗೋಣ" ಅಂದರು, ಕಾಫಿಗೆ ಹೋಗೋಣ ಅನ್ನುವಷ್ಟು ತಣ್ಣಗೆ. ನನ್ನ ಕೈ ಸಂಜೆವರೆಗೂ ನಡುಗುತ್ತಿತ್ತು.

ಅವತ್ತು ರಾತ್ರಿಯೇ ಆ ಕಿಟ್ ಕಾರ್ಟಿಗೆ ಬಿತ್ತು.

ಕೊಳ್ಳುವ ಗುಂಡಿ ಒತ್ತದೆ ಉಳಿದಿದ್ದು ತೀರ್ಥಹಳ್ಳಿಯ ಮಾವನಿಂದ. ಅವರು ಆಗುಂಬೆ ಘಾಟಿಯಲ್ಲಿ ವರ್ಷಗಟ್ಟಲೆ ಮಿನಿ ಬಸ್ ಓಡಿಸಿದವರು. ಹದಿನಾಲ್ಕು ತಿರುವೂ ಅವರ ಮೊಣಕಾಲಿಗೆ ಬಾಯಿಪಾಠ. ಭಾನುವಾರದ ಫೋನಿನಲ್ಲಿ ಕಥೆ ಹೇಳಿದೆ. ಮೊದಲು ಕಾರು ಯಾವುದು ಅಂತ ಕೇಳಿದರು. ಮಜ್ದಾ ಅಂದೆ. "ಓ, ನಾನು ಓಡಿಸಿದ್ದೂ ಅದೇ ಅಲ್ವಾ" ಅಂದರು. ಅವರದ್ದು ಸ್ವರಾಜ್ ಮಜ್ದಾ. ತಿದ್ದಲು ಮನಸ್ಸಾಗಲಿಲ್ಲ. ಆಮೇಲೆ ಕೇಳಿದರು: "ಪೆಡಲ್ ಗಟ್ಟಿ ಇತ್ತಾ, ಮೆತ್ತಗಿತ್ತಾ ಮಾರಾಯ?"

ಎಲ್ಲ ಇರುವುದು ಈ ಪ್ರಶ್ನೆಯಲ್ಲೇ. ಬ್ರೇಕ್ ಬಿಸಿಯಾಗಿ ಕೈ ಕೊಡುವುದರಲ್ಲಿ ಎರಡು ಥರ ಇದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಸುಟ್ಟಿದೆ ಅಂತ. ವಾಸನೆಯೂ ಬರುತ್ತದೆ. ಪೆಡಲ್ ಮೆತ್ತಗಾಗಿ ತಳಕ್ಕೆ ಹೋದರೆ ಬ್ರೇಕ್ ಆಯಿಲ್ ಕುದಿದಿದೆ ಅಂತ. ಕಾಲಿನ ಬಲ ಪಿಸ್ಟನ್ನಿಗೆ ಹೋಗುವುದು ಈ ಎಣ್ಣೆಯ ಮೂಲಕ. ಎಣ್ಣೆಯನ್ನು ಅದುಮಿ ಕುಗ್ಗಿಸಲು ಆಗುವುದಿಲ್ಲ. ಕುದಿದು ಆವಿಯ ಗುಳ್ಳೆ ಬಂದರೆ ನಿಮ್ಮ ಕಾಲು ಅದುಮುವುದು ಆ ಗುಳ್ಳೆಯನ್ನೇ, ಪಿಸ್ಟನ್ನನ್ನಲ್ಲ. ನನ್ನದು ಮೆತ್ತಗಿತ್ತು. "ಹಾಗಾದ್ರೆ ಆಯಿಲ್ ಬದಲಾಯಿಸು. ಎಷ್ಟು ವರ್ಷ ಆಯ್ತು?" ಅಂದರು ಮಾವ. ನಾಲ್ಕು ವರ್ಷ. ನಾಚಿಕೆಯಾಯಿತು.

ಬ್ರೇಕ್ ಆಯಿಲ್ ಮಳೆಗಾಲದ ಹಪ್ಪಳ ಇದ್ದ ಹಾಗೆ. ಎಷ್ಟೇ ಮುಚ್ಚಿಟ್ಟರೂ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್‌ನಲ್ಲಿ ಡಾಟ್ 3, ಡಾಟ್ 4 ಅಂತ ದರ್ಜೆಗಳಿವೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಆ ಕನಿಷ್ಠ ಲೆಕ್ಕ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ನನ್ನ ಕಾರಿನಲ್ಲಿದ್ದದ್ದು ಡಾಟ್ 3, ಅದೂ ನಾಲ್ಕು ವರ್ಷದ್ದು.

ಒಂದು ಲೆಕ್ಕ ಮಾಡಿ ನೋಡಿದೆ. ಕಾರು, ನಾನು ಸೇರಿ ಸುಮಾರು 1050 ಕಿಲೋ. 14ನೇ ತಿರುವಿಗೆ 150 ಕಿಲೋಮೀಟರ್ ವೇಗದಿಂದ 80ಕ್ಕೆ ಇಳಿಸಿದರೆ ಬರುವ ಶಾಖದಲ್ಲಿ ಸುಮಾರು ಎರಡು ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಬಹುದು. ಮನೆಮಂದಿಗೆಲ್ಲ ಕಾಫಿ ಆಗುತ್ತದೆ. ಅದೂ ಮೂರ್ನಾಲ್ಕು ಸೆಕೆಂಡಿನಲ್ಲಿ, ಪ್ರತಿ ಸುತ್ತಿಗೂ, ಒಂದೇ ತಿರುವಿನಲ್ಲಿ. ಇದನ್ನು ನುಂಗಬೇಕಾದ ಮುಂದಿನ ಡಿಸ್ಕ್ ನನ್ನ ಕಾರಿನಲ್ಲಿ 235 ಮಿಲಿಮೀಟರ್. ಊಟದ ತಟ್ಟೆಗಿಂತ ಚಿಕ್ಕದು.

ಹಾಗಾದರೆ ದೊಡ್ಡ ಡಿಸ್ಕ್ ಬೇಕು ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ದೊಡ್ಡ ಡಿಸ್ಕ್ ಜಾಸ್ತಿ ಶಾಖ ತಡೆಯುತ್ತದೆ, ಬೇಗ ಆರುತ್ತದೆ, ನಿಜ. ಆದರೆ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಅನ್ನುವುದು ಟೈರಿನ ಕೈಯಲ್ಲಿದೆ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ನನ್ನ ಕಾರಿಗೆ ಇಲ್ಲ. ಬ್ರೇಕ್ ಸರಿಯಿದ್ದಾಗ ಇರುವ ಚಿಕ್ಕ ಡಿಸ್ಕೇ ಚಕ್ರವನ್ನು ಲಾಕ್ ಮಾಡುತ್ತದೆ, ಅಂದರೆ ಚಕ್ರ ತಿರುಗದೆ ಟೈರು ಜಾರುತ್ತದೆ. ಲಾಕ್ ಆದ ಮೇಲೆ ಕ್ಯಾಲಿಪರಿನಲ್ಲಿ ನಾಲ್ಕು ಪಿಸ್ಟನ್ ಇದ್ದರೂ ಒಂದೇ, ನಲವತ್ತಿದ್ದರೂ ಒಂದೇ. ಇನ್ನೊಂದು ತಕರಾರಿದೆ. ಆ ಕಿಟ್ ಮುಂದಿನ ಚಕ್ರಕ್ಕೆ ಮಾತ್ರ. ಮುಂದೆ ಬಲ ಹೆಚ್ಚಿಸಿ ಹಿಂದೆ ಹಾಗೇ ಬಿಟ್ಟರೆ ಮುಂದಿನ ಚಕ್ರ ಇನ್ನೂ ಬೇಗ ಲಾಕ್ ಆಗುತ್ತದೆ, ಹಿಂದಿನವು ಅರ್ಧ ಕೆಲಸ ಮಾಡಿ ಸುಮ್ಮನಾಗುತ್ತವೆ. ಸಾವಿರ ಡಾಲರ್ ಕೊಟ್ಟು ನಾಲ್ಕು ಅಡಿ ಮುಂದೆ ಹೋಗಿ ನಿಲ್ಲುವುದು ಯಾರಿಗೆ ಬೇಕು.

ಮಿಯಾಟಾ ಇಟ್ಟುಕೊಂಡವರು ಹಿಡಿಯುವ ಇನ್ನೊಂದು ದಾರಿ ಇದೆ. 1994ರಿಂದ ಬಂದ 1.8 ಲೀಟರ್ ಕಾರಿನ ಬ್ರೇಕನ್ನು ಗುಜರಿಯಿಂದ ತಂದು ಹಾಕುವುದು. ಮುಂದೆ 255, ಹಿಂದೆ 251 ಮಿಲಿಮೀಟರ್. ಕಂಪನಿಯೇ ಮುಂದಕ್ಕೂ ಹಿಂದಕ್ಕೂ ಲೆಕ್ಕ ಹಾಕಿ ಮಾಡಿದ್ದು. ನನ್ನ 14 ಇಂಚಿನ ಚಕ್ರದೊಳಗೇ ಕೂರುತ್ತದೆ. ನನ್ನ ಡಿಸ್ಕ್ ಸವೆದ ದಿನ ಇದನ್ನೇ ಮಾಡುತ್ತೇನೆ. ಇನ್ನೂ ಸವೆದಿಲ್ಲ.

ಆಯಿಲ್ ಬದಲಾಯಿಸುವುದು ಇಬ್ಬರ ಕೆಲಸ. ಶನಿವಾರ ಗ್ಯಾರೇಜಿನಲ್ಲಿ ಕಾರು ಎತ್ತಿ, ಸ್ಟ್ಯಾಂಡ್ ಕೊಟ್ಟು, ಪೆಡಲಿನಿಂದ ದೂರದ ಹಿಂದಿನ ಚಕ್ರದಿಂದ ಶುರು ಮಾಡಿದೆವು. ಹೆಂಡತಿ ಡ್ರೈವರ್ ಸೀಟಿನಲ್ಲಿ, ನಾನು ಚಕ್ರದ ಹತ್ತಿರ ಮಲಗಿಕೊಂಡು. ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ನಿಪ್ಪಲ್ಲಿಗೆ ಸಿಕ್ಕಿಸಿದ ಪಾರದರ್ಶಕ ಪೈಪಿನ ಇನ್ನೊಂದು ತುದಿ ಖಾಲಿ ಉಪ್ಪಿನಕಾಯಿ ಬಾಟಲಿಯಲ್ಲಿ.

"ಒತ್ತು."

"ಒತ್ತಿದೆ."

"ಹಿಡ್ಕೋ." ಸ್ಪ್ಯಾನರ್ ಕಾಲು ಸುತ್ತು ತಿರುಗಿಸಿದೆ. ಪೈಪಿನಲ್ಲಿ ಕಷಾಯದ ಬಣ್ಣದ್ದು ಹರಿಯಿತು. ಪೆಡಲ್ ತಳಕ್ಕೆ ಹೋಯಿತು. ಬಿಗಿ ಮಾಡಿದೆ. "ಬಿಡು."

ನಾನು ಬಿಗಿ ಮಾಡುವ ಮೊದಲೇ ಅವಳು ಬಿಟ್ಟರೆ ಒಳಗೆ ಗಾಳಿ ಹೋಗುತ್ತದೆ, ಮೊದಲಿಂದ ಶುರು. ಎರಡನೇ ಚಕ್ರದಲ್ಲಿ ಹಾಗೇ ಆಯಿತು. ಅವಳು ಬಿಟ್ಟಿದ್ದಾ, ನಾನು ತಡ ಮಾಡಿದ್ದಾ ಅನ್ನುವುದು ನಮ್ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನಾಲ್ಕನೇ ಚಕ್ರ ಮುಗಿಯುವ ಹೊತ್ತಿಗೆ ಪೈಪಿನಲ್ಲಿ ಬರುತ್ತಿದ್ದದ್ದು ತಿಳಿ ಜೇನಿನ ಬಣ್ಣ. ಹಾಕಿದ್ದು ಆಟೇ ಟೈಪ್ 200 ಅನ್ನುವ ಆಯಿಲ್, ಹೊಸದಿದ್ದಾಗ 280 ಡಿಗ್ರಿ ತಡೆಯುವಂಥದ್ದು. ಲೀಟರಿಗೆ ಇಪ್ಪತ್ತು ಡಾಲರ್ ಚಿಲ್ಲರೆ. ಜತೆಗೆ ಟ್ರ್ಯಾಕಿಗೆ ಆಗುವ ಪ್ಯಾಡ್. ಅದು ತಣ್ಣಗಿದ್ದಾಗ ಕಿರುಚುತ್ತದೆ. ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಪಕ್ಕದವರು ತಿರುಗಿ ನೋಡುತ್ತಾರೆ. ಅಭ್ಯಾಸವಾಗಿದೆ.

ಅಕ್ಟೋಬರಿನಲ್ಲಿ ಮತ್ತೆ ಥಂಡರ್‌ಹಿಲ್‌ಗೆ ಹೋದೆ. ಪಕ್ಕದಲ್ಲಿ ಅದೇ ಅಜ್ಜ. ಎರಡು ಸುತ್ತು ಆದ ಮೇಲೆ ನನ್ನ ಕಾಲಿನ ಕಡೆ ಕೈ ತೋರಿಸಿ, ಏಳು ಕಡೆ ಬೇಡದ ಬ್ರೇಕ್ ಒತ್ತಿದೆ ಅಂತ ಬೆರಳು ಮಡಿಸಿ ಲೆಕ್ಕ ಹೇಳಿದರು. ಹೆದರಿಕೆಗೆ ಸುಮ್ನೆ ಕಾಲು ಇಡುತ್ತಿದ್ದೆ. ಆ ಶಾಖವೂ ಅದೇ ಚಿಕ್ಕ ಡಿಸ್ಕಿಗೇ ಹೋಗುತ್ತಿತ್ತಲ್ಲ. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನ ಬಂದು ಆರಿಸಬೇಕು, ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬಾರದು ಅಂತಲೂ ಹೇಳಿಕೊಟ್ಟರು. ಕಾದ ಡಿಸ್ಕನ್ನು ಪ್ಯಾಡ್ ಕಚ್ಚಿಕೊಂಡು ಕೂರಬಾರದು. ಚಕ್ರಕ್ಕೆ ಮರದ ತುಂಡು ಕೊಟ್ಟರೆ ಸಾಕು. ಮಾವನ ಬಸ್ಸಿನಲ್ಲೂ ಸೀಟಿನ ಕೆಳಗೆ ಅಂಥದೇ ಒಂದು ತುಂಡು ಇರುತ್ತಿತ್ತು.

ನಾಲ್ಕು ಸರದಿಯಲ್ಲೂ ಪೆಡಲ್ ಗಟ್ಟಿಯಾಗಿಯೇ ಇತ್ತು. ಎಷ್ಟು ಗಟ್ಟಿ ಅಂದರೆ ಕೊನೆಯ ಸರದಿಯಲ್ಲಿ 14ನೇ ತಿರುವಿಗೆ ಧೈರ್ಯ ಜಾಸ್ತಿಯಾಗಿ ತಡವಾಗಿ ಒತ್ತಿದೆ. ಮುಂದಿನ ಚಕ್ರ ಎರಡೂ ಲಾಕ್. ಬಿಳಿ ಹೊಗೆ. ತಿರುವಿಗೆ ಬಂದೆ, ಆದರೆ ಎರಡು ಟೈರೂ ಒಂದೊಂದು ಕಡೆ ಸವೆದು ಚಪ್ಪಟೆಯಾದವು.

ಮನೆ ತನಕ ಎರಡೂವರೆ ಗಂಟೆ ಟಕ್ ಟಕ್ ಟಕ್ ಅಂತ ಎತ್ತಿನ ಗಾಡಿ ಥರ ಬಂದೆ. ಕಿಟ್ಟಿಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಸೋಮವಾರ ನಾಲ್ಕು ಟೈರ್ ತರಿಸಿದೆ. ಕಾರ್ಟಿನಿಂದ ಕ್ಯಾಲಿಪರ್ ಮಾತ್ರ ತೆಗೆದಿಲ್ಲ. ಚಕ್ರದ ಸಂದಿಯಲ್ಲಿ ಆ ಕೆಂಪು ಬಣ್ಣ ಚೆನ್ನಾಗಿ ಕಾಣುತ್ತದೆ.