ಎದುರು ಬದಿಗೆ ಹೋಗಿ ನಿಲ್ಲು

ಹೊರದೇಶಕ್ಕೆ ಬಂದ ಮೊದಲ ವರ್ಷ, ಶನಿವಾರ ಬಂತೆಂದರೆ ನನಗೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡುವ ಒಬ್ಬರು ತಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಕರೆದರು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆಯೊಂದನ್ನು ಆಡುವ ಆಟ ಅದು. ಒಂದು ಮೇಜು, ಐದು ಜನ, ಚೌಕ ಚೌಕವಾಗಿ ಗೆರೆ ಎಳೆದ ಹಾಳೆ. ಒಂದೊಂದು ಮನೆ ಅಂದರೆ 5 ಅಡಿ. ನನ್ನದು ಕೊಡಲಿ ಹಿಡಿದ ಬಾರ್ಬೇರಿಯನ್, ಅಂದರೆ ಕಾಡು ಯೋಧನ ಪಾತ್ರ. ಅವನ ಗೊಂಬೆಯನ್ನು ಸುಮ್ನೆ ಗೆಳೆಯನ ಗೊಂಬೆಯ ಪಕ್ಕ ಇಟ್ಟೆ. ‘ಅಲ್ಲಿ ಬೇಡ, ಎದುರು ಬದಿಗೆ ಹೋಗಿ ನಿಲ್ಲು, ನನಗೂ ಅನುಕೂಲ’ ಅಂದ. ಆ ಊರಲ್ಲಿ ನಾನು ಒಬ್ಬರಿಗೆ ಬೇಕಾಗಿದ್ದು ಅವತ್ತೇ ಮೊದಲು.

ಅದಕ್ಕೆ ಫ್ಲ್ಯಾಂಕಿಂಗ್ ಅನ್ನುತ್ತಾರೆ. 2014ರಲ್ಲಿ ಬಂದ ಐದನೇ ಆವೃತ್ತಿಯಲ್ಲಿ ಇದು ಕಡ್ಡಾಯವಲ್ಲ, ಮೇಜಿನವರಿಗೆ ಬೇಕಾದರೆ ಸೇರಿಸಿಕೊಳ್ಳಬಹುದು. ಶತ್ರುವಿನ ಎರಡೂ ಬದಿಗೆ ಇಬ್ಬರು ಎದುರುಬದುರು ನಿಂತರೆ ಇಬ್ಬರಿಗೂ ‘ಅಡ್ವಾಂಟೇಜ್’. ಅಂದರೆ ಏಟು ತಗುಲಿತೇ ಎಂದು ನೋಡಲು 20 ಮುಖದ ದಾಳ ಒಂದರ ಬದಲು ಎರಡು ಉರುಳಿಸಿ, ದೊಡ್ಡ ಗರವನ್ನು ಇಟ್ಟುಕೊಳ್ಳುವುದು.

ಒಂದೆರಡು ತಿಂಗಳು ಖುಷಿಯಾಗಿ ಆಡಿದೆವು. ಆಮೇಲೆ ಎಲ್ಲ ಕಾದಾಟವೂ ಒಂದೇ ಥರ ಕಾಣತೊಡಗಿತು. ನಾವೊಬ್ಬರು, ಶತ್ರು ಒಬ್ಬ, ಮತ್ತೆ ನಾವೊಬ್ಬರು, ಹಾಳೆಯ ಮೇಲೆ ಉದ್ದ ಸಾಲು. ಕಾರಣ ಲೆಕ್ಕದಲ್ಲೇ ಇದೆ. ಏಟು ತಗುಲಲು 11 ಅಥವಾ ಹೆಚ್ಚು ಬೇಕಿದ್ದರೆ ಒಂದು ದಾಳದಲ್ಲಿ ಅವಕಾಶ ನೂರಕ್ಕೆ 50. ಎರಡು ದಾಳದಲ್ಲಿ 75! ಇಷ್ಟು ದೊಡ್ಡ ಲಾಭ ಸಿಗುವುದೂ ತುಂಬಾ ಸುಲಭ. ಐದನೇ ಆವೃತ್ತಿಯಲ್ಲಿ ಶತ್ರುವಿನ ಕೈಗೆಟುಕುವ ಜಾಗದೊಳಗೇ ಸುತ್ತು ಹಾಕಿದರೆ ಅವನಿಗೆ ನಡುವೆ ಹೊಡೆಯುವ ಅವಕಾಶ ಇರುವುದಿಲ್ಲ. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಹಾಗಿರಲಿಲ್ಲ. ಸುತ್ತು ಹಾಕಲು ಹೋದರೆ ಏಟು ತಿನ್ನುವ ಭಯ ಇತ್ತು, ಸಿಗುತ್ತಿದ್ದದ್ದೂ ಬರೀ +2, ಅಂದರೆ ಗರಕ್ಕೆ ಎರಡು ಸೇರಿಸಿಕೊಳ್ಳುವುದು.

ನನಗೆ ಜಾಸ್ತಿ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಬಾರ್ಬೇರಿಯನ್‌ಗೆ ಮೈಮೇಲೆ ಎಚ್ಚರವಿಲ್ಲದೆ ನುಗ್ಗಿ ಹೊಡೆಯುವ ಶಕ್ತಿ ಇದೆ. ಹಾಗೆ ಹೊಡೆದರೆ ಅವನಿಗೆ ಅಡ್ವಾಂಟೇಜ್, ಅವನನ್ನು ಹೊಡೆಯುವವರಿಗೂ ಅಡ್ವಾಂಟೇಜ್. ಪ್ರಾಣ ಪಣಕ್ಕಿಟ್ಟು ಪಡೆಯುವುದನ್ನು ಪಕ್ಕದವರು ಎರಡು ಹೆಜ್ಜೆ ಸರಿದು ಪಡೆಯುತ್ತಿದ್ದರು. ಎರಡೂ ಕಡೆಯಿಂದ ಅಡ್ವಾಂಟೇಜ್ ಸಿಕ್ಕರೂ ಮೂರನೇ ದಾಳ ಇಲ್ಲ. ಇದನ್ನು ಹೇಳಲು ನನಗೆ ಎರಡು ವಾರ ಧೈರ್ಯ ಸಾಲಲಿಲ್ಲ. ಹೇಳಿದಾಗ ಎಲ್ಲರೂ ದಾಳ ಕೆಳಗಿಟ್ಟು ಕೇಳಿದರು. ಆ ರಾತ್ರಿಯೇ ಅಡ್ವಾಂಟೇಜ್ ತೆಗೆದು +2 ಮಾಡಿದೆವು. 11 ಬೇಕಿರುವಲ್ಲಿ ಈಗ ಅವಕಾಶ ನೂರಕ್ಕೆ 60. ಸಾಕು.

ಆಯುಧ ಬೀಳಿಸುವ ನಿಯಮವನ್ನು ಮಾತ್ರ ಹಾಗೇ ಉಳಿಸಿಕೊಂಡೆವು. ನನ್ನ ಏಟಿನ ಗರಕ್ಕೂ ಎದುರಾಳಿಯ ಬಲದ ಅಥವಾ ಚುರುಕಿನ ಗರಕ್ಕೂ ಪೈಪೋಟಿ. ಗೆದ್ದರೆ ಗಾಯವಿಲ್ಲ, ಕೈಯಲ್ಲಿದ್ದದ್ದು ಬೀಳುತ್ತದೆ. ಅವನು ಎರಡೂ ಕೈಯಲ್ಲಿ ಹಿಡಿದಿದ್ದರೆ ನಮಗೆ ಕಷ್ಟ. ಹೋದ ವಾರ ಕೋಟೆಯ ಕಾವಲುಗಾರನ ಕತ್ತಿ ಬೀಳಿಸಿದೆ. ಅವನ ಸರದಿ ಬಂದರೆ ಮತ್ತೆ ಎತ್ತಿಕೊಳ್ಳುತ್ತಾನೆ. ನಡುವೆ ಇದ್ದದ್ದು ಗೆಳೆಯನ ಒಂದೇ ಸರದಿ. ಅವನು ಗೊಂಬೆಯನ್ನು ಮೂರು ಮನೆ ಸರಿಸಿ, ‘ಕತ್ತಿ ಎತ್ತಿಕೊಂಡೆ’ ಅಂದ. ಕಾವಲುಗಾರ ಕೈ ಮೇಲೆತ್ತಿದ. ಯಾರೂ ಸಾಯಲಿಲ್ಲ.

ಮುಂದಿನ ಶನಿವಾರ ದೊಡ್ಡ ಪ್ರಾಣಿಯ ಮೈ ಹತ್ತುವ ನಿಯಮ ಆಡಿ ನೋಡುತ್ತೇವೆ. ಹತ್ತಿದವರಿಗೆ ಅದರಲ್ಲೂ ಅಡ್ವಾಂಟೇಜ್ ಇದೆ. ಅದನ್ನು ತೆಗೆಯಬೇಡಿ ಅಂತ ಈಗಲೇ ಕೇಳಿಕೊಂಡಿದ್ದೇನೆ. ಕಷ್ಟಪಟ್ಟು ಹತ್ತಿದ್ದಕ್ಕೆ ಕೊಡಲೇಬೇಕು, ಅಲ್ವಾ?