ಸ್ವಿಫ್ಟ್ ಡಿಕ್ಕಿಗೊಂದು ಪೋರ್ಟೆಡ್ ಪೆಟ್ಟಿಗೆ: ಇಲ್ಲಿಯವರೆಗಿನ ಕೆಲಸ

ಮಳೆಗಾಲದ ಶುರು

ಕಾರು 2018ರ ಸ್ವಿಫ್ಟ್. ಮುಂದಿನ ಬಾಗಿಲಿನ ಸ್ಪೀಕರ್‌ಗಳನ್ನು ಹೋದ ವರ್ಷವೇ ಬದಲಾಯಿಸಿದ್ದೆ. ಹಾಡು ಸ್ವಚ್ಛವಾಗಿ ಕೇಳುತ್ತದೆ. ಡೊಳ್ಳಿನ ಪೆಟ್ಟೂ ಕೇಳುತ್ತದೆ, ಆದರೆ ಅದರ ಹಿಂದಿನ ಗುಮ್ ಮಾತ್ರ ಇಲ್ಲ. ಆರೂವರೆ ಇಂಚಿನ ಬಾಗಿಲ ಸ್ಪೀಕರ್‌ನಿಂದ ಅದನ್ನು ಕೇಳುವುದೂ ತಪ್ಪು ಬಿಡಿ. ಸಾಗರದ ಕಡೆ ಡೊಳ್ಳು ಕೇಳಿ ಬೆಳೆದವನಿಗೆ ಇದು ಸಣ್ಣ ಕೊರತೆಯಲ್ಲ.

ಅದಕ್ಕೇ ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಿಂದ ತಗ್ಗಿನ ಸ್ವರಗಳಿಗೆಂದೇ ಇರುವ 12 ಇಂಚಿನ ಸಬ್‌ವೂಫರ್ ಒಂದನ್ನು ತಂದೆ. 400 ವ್ಯಾಟ್ ಆರ್‌ಎಂಎಸ್ (ಸತತವಾಗಿ ತಾಳುವ ಶಕ್ತಿ), 4 ಓಮ್‌ನ ಎರಡು ಕಾಯಿಲ್. ಜೊತೆಗೆ ರೆಡಿ ಪೆಟ್ಟಿಗೆಯನ್ನೂ ತರೋಣ ಅಂತ ಒಂದು ಅಂಗಡಿಯಲ್ಲಿ ವಿಚಾರಿಸಿದೆ.

"ಇದು ಎಷ್ಟು ಹರ್ಟ್ಜ್‌ಗೆ ಟ್ಯೂನ್ ಆಗಿದೆ?"

"ಗುಮ್ ಅಂತ ಬರುತ್ತೆ ಸಾರ್, ಸುಮ್ನೆ ತಗೊಂಡು ಹೋಗಿ."

ಟೇಪ್ ಹಿಡಿದು ಅಳೆದೆ. ಒಳಗೆ ಸುಮಾರು 42 ಲೀಟರ್ ಜಾಗ, 10 ಸೆಂ.ಮೀ. ಅಗಲದ ಒಂದು ಪೈಪು, ಉದ್ದ 15 ಸೆಂ.ಮೀ. ಫೋನಿನಲ್ಲೇ ಲೆಕ್ಕ ಹಾಕಿದರೆ ಟ್ಯೂನಿಂಗ್ (ಪೆಟ್ಟಿಗೆ ತಾನಾಗಿ ದನಿಗೂಡುವ ಸ್ವರ) 50 ಹರ್ಟ್ಜ್, ಸೆಕೆಂಡಿಗೆ 50 ಕಂಪನದ ಹತ್ತಿರ ಬಂತು. ಅಂದರೆ 50ರ ಆಸುಪಾಸು ಭಯಂಕರ ಗದ್ದಲ, ಅದರ ಕೆಳಗೆ ಏನೂ ಇಲ್ಲ. ಯಾವ ಹಾಡು ಹಾಕಿದರೂ ಒಂದೇ ಸ್ವರದಲ್ಲಿ ಗುಂಯ್‌ಗುಡುವ ಕಾರುಗಳನ್ನು ರಸ್ತೆಯಲ್ಲಿ ಕೇಳಿರುತ್ತೀರಿ, ಅಲ್ವಾ? ಬಹಳಷ್ಟು ಸಲ ತಪ್ಪು ಸಬ್‌ವೂಫರ್‌ದಲ್ಲ, ಪೆಟ್ಟಿಗೆಯದು. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಬರೀ ಸಬ್‌ವೂಫರ್ ಎತ್ತಿಕೊಂಡು ಶಿವಮೊಗ್ಗದ ಬಸ್ ಹತ್ತಿದೆ.

ಸೀಲ್ಡಾ, ಪೋರ್ಟೆಡ್ಡಾ?

ಈ ಪ್ರಶ್ನೆ ತಲೆ ತಿಂದಷ್ಟು ಬೇರೆ ಯಾವುದೂ ತಿಂದಿಲ್ಲ.

ಸೀಲ್ಡ್ ಪೆಟ್ಟಿಗೆ ಅಂದರೆ ಪೂರ್ತಿ ಮುಚ್ಚಿದ್ದು. ಕೋನ್, ಅಂದರೆ ಸ್ಪೀಕರಿನ ಅಲ್ಲಾಡುವ ಮುಖ, ಹಿಂದೆ ಹೋದಾಗ ಒಳಗಿನ ಗಾಳಿ ಅದನ್ನು ತಡೆದು ಹಿಡಿಯುತ್ತದೆ. ಚಿಕ್ಕದು, ಕಟ್ಟುವುದು ಸುಲಭ, ಅಳತೆ ಒಂದೆರಡು ಲೀಟರ್ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಪೋರ್ಟೆಡ್‌ನಲ್ಲಿ ಗಾಳಿಗೆ ಒಂದು ದಾರಿ (ಪೋರ್ಟ್) ಬಿಟ್ಟು, ಕೋನಿನ ಹಿಂಬದಿಯ ಗಾಳಿಯನ್ನೂ ದುಡಿಸಿಕೊಳ್ಳುತ್ತೇವೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ಲ, ಅದೇ ಇಲ್ಲಿನ ಗುಟ್ಟು. ಬಾಟಲಿಯ ಹೊಟ್ಟೆ ಪೆಟ್ಟಿಗೆ, ಕತ್ತು ಪೋರ್ಟು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಇದನ್ನು ವಿವರಿಸಿದ್ದರು. ಸ್ಪೀಕರ್ ಪೆಟ್ಟಿಗೆಗೆ ಇದನ್ನು ಕರಾರುವಾಕ್ಕಾದ ಲೆಕ್ಕವಾಗಿ ಕೂರಿಸಿದವರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ಇಬ್ಬರು: 1961ರಲ್ಲಿ ನೆವಿಲ್ ಥೀಲ್, 70ರ ದಶಕದಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್. ಸಬ್‌ವೂಫರ್ ಡಬ್ಬದೊಳಗಿನ ಚೀಟಿಯಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಅಂತ ಅಂಕಿಗಳಿರುತ್ತವಲ್ಲ, ಅವಕ್ಕೆ ಇವರಿಬ್ಬರದ್ದೇ ಹೆಸರು.

ಆ ಚೀಟಿಯನ್ನು ಎಸೆಯಬೇಡಿ. ನನ್ನದರಲ್ಲಿ ಎಫ್‌ಎಸ್ (ಸಬ್‌ವೂಫರ್ ತಾನಾಗಿ ಕಂಪಿಸುವ ಹರ್ಟ್ಜ್) 30, ಕ್ಯೂಇಎಸ್ (ಆ ಕಂಪನಕ್ಕೆ ಕಾಯಿಲ್, ಅಯಸ್ಕಾಂತ ಎಷ್ಟು ಕಡಿವಾಣ ಹಾಕುತ್ತವೆ ಎಂಬ ಅಂಕಿ) 0.46. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 65. ಈ ಸಂಖ್ಯೆ 50ಕ್ಕಿಂತ ಕಡಿಮೆ ಇದ್ದರೆ ಸೀಲ್ಡ್‌ಗೆ, 100ರ ಹತ್ತಿರ ಇದ್ದರೆ ಪೋರ್ಟೆಡ್‌ಗೆ ಅಂತ ಒಂದು ವಾಡಿಕೆ. ನನ್ನದು ನಡುವೆ ನಿಂತಿದೆ, ಎರಡಕ್ಕೂ ಆಗುತ್ತದೆ. ಚೀಟಿ ತೀರ್ಪು ಕೊಡಲಿಲ್ಲ, ನಾನೇ ಕೊಡಬೇಕಾಯಿತು.

ಪೋರ್ಟೆಡ್ ಕಡೆ ವಾಲಲು ಕಾರಣ ಆಂಪ್ಲಿಫೈಯರ್. ಟ್ಯೂನಿಂಗ್ ಆಸುಪಾಸಿನಲ್ಲಿ ಪೋರ್ಟೇ ಹೆಚ್ಚಿನ ಕೆಲಸ ಮಾಡುವುದರಿಂದ ಅಷ್ಟೇ ವ್ಯಾಟ್‌ಗೆ ಜಾಸ್ತಿ ಸದ್ದು ಸಿಗುತ್ತದೆ. ಎರಡು ಪಟ್ಟು ವ್ಯಾಟ್ ಸುರಿದರೂ ಏರುವುದು 3 ಡೆಸಿಬಲ್ ಮಾತ್ರ. ಅದಕ್ಕೆ ದೊಡ್ಡ ಆಂಪ್, ದಪ್ಪ ವೈರು, ಆಮೇಲೆ ಬ್ಯಾಟರಿಯ ಗೋಳು. ಪ್ಲೈವುಡ್ ಅದಕ್ಕಿಂತ ಅಗ್ಗ.

ಹಾಗಂತ ಪೋರ್ಟೆಡ್ ಏನೂ ಬಿಟ್ಟಿ ಬರುವುದಿಲ್ಲ. ಸೀಲ್ಡ್‌ನಲ್ಲಿ ಸದ್ದು ಆಕ್ಟೇವ್‌ಗೆ (ಹರ್ಟ್ಜ್ ಅರ್ಧಕ್ಕಿಳಿದಾಗಲೆಲ್ಲ) 12 ಡೆಸಿಬಲ್‌ನಂತೆ ನಿಧಾನಕ್ಕೆ ಇಳಿಯುತ್ತದೆ. ಪೋರ್ಟೆಡ್‌ನಲ್ಲಿ ಟ್ಯೂನಿಂಗ್ ಕೆಳಗೆ 24 ಡೆಸಿಬಲ್‌ನಂತೆ ಧುಮುಕುತ್ತದೆ. ಅಷ್ಟೇ ಅಲ್ಲ, ಅಲ್ಲಿ ಕೋನಿಗೆ ಗಾಳಿಯ ತಡೆಯೇ ಇರುವುದಿಲ್ಲ. ಸದ್ದು ಬರದೆ ಕೋನ್ ಮಾತ್ರ ಹುಚ್ಚಾಪಟ್ಟೆ ಅಲ್ಲಾಡಿ ಕಾಯಿಲ್ ಕೆಡುತ್ತದೆ. ಆಂಪ್‌ನಲ್ಲಿ ಆ ಅತಿ ತಗ್ಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇಲ್ಲದಿದ್ದರೆ ಪೋರ್ಟೆಡ್ ಕಡೆ ತಲೆ ಹಾಕಲೇಬೇಡಿ. ನನ್ನ ಮಾನೊ ಆಂಪ್‌ನಲ್ಲಿ ಇದೆ.

ಎಷ್ಟು ಹರ್ಟ್ಜ್?

ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್. ಐದು ತಂತಿಯದ್ದಾದರೆ 31. ಈಗಿನ ಹಾಡುಗಳ ಕಂಪ್ಯೂಟರ್ ಬೇಸ್ 30ರ ಆಸುಪಾಸಿಗೂ ಇಳಿಯುತ್ತದೆ, ಆದರೆ ನಾನು ಕೇಳುವುದು ಅದಲ್ಲ. ಹಳೆಯ ಚಿತ್ರಗೀತೆ, ಜಾನಪದ, ಸ್ವಲ್ಪ ರಾಕ್. 41 ಆರಾಮಾಗಿ ಬಂದು, ಅದರ ಕೆಳಗೂ ಒಂದಿಷ್ಟು ಉಳಿದರೆ ಸಾಕು. 34 ಅಂತ ಗಟ್ಟಿ ಮಾಡಿದೆ.

ಪುಟ್ಟ ಕಾರಿಗೆ ಒಂದು ಲಾಭವೂ ಇದೆ. ಮುಚ್ಚಿದ ಕ್ಯಾಬಿನ್ನಿನಲ್ಲಿ ತಗ್ಗಿನ ಸ್ವರಗಳು ತಾವಾಗಿಯೇ ಏರುತ್ತವೆ. ಹ್ಯಾಚ್‌ಬ್ಯಾಕ್‌ನಲ್ಲಿ ಡಿಕ್ಕಿಯೂ ಕ್ಯಾಬಿನ್ನೂ ಒಂದೇ ಕೋಣೆ, ಹಾಗಾಗಿ ಆ ಲಾಭ ಪೂರ್ತಿ ನಮ್ಮದು. ಭಾವನ ಡಿಸೈರ್‌ನಲ್ಲಿ ಹಿಂದಿನ ಸೀಟೇ ಗೋಡೆ. ಅವರಿಗೆ ಇದೇ ಪೆಟ್ಟಿಗೆ ಕೊಟ್ಟರೆ ಅರ್ಧ ಸದ್ದು ಡಿಕ್ಕಿಯಲ್ಲೇ ಉಳಿದೀತು. ಅವರಿಗೆ ಇದನ್ನು ಹೇಳಿದ್ದೇನೆ, ನಂಬುತ್ತಿಲ್ಲ.

ಪೈಪು ಬೇಡ, ಸ್ಲಾಟ್

ತಯಾರಕರು ಪೋರ್ಟೆಡ್‌ಗೆ ಹೇಳಿದ ಜಾಗ 50 ಲೀಟರ್. ಮೊದಲು ಯೋಚಿಸಿದ್ದು ಹಾರ್ಡ್‌ವೇರ್ ಅಂಗಡಿಯ ನಾಲ್ಕು ಇಂಚಿನ ಪಿವಿಸಿ ಪೈಪು. ಒಂದೇ ಪೈಪಾದರೆ ಉದ್ದ 36 ಸೆಂ.ಮೀ. ಸಾಕು, ಒಳಗೆ ಸಲೀಸಾಗಿ ಕೂರುತ್ತದೆ. ಆದರೆ 12 ಇಂಚಿನ ಕೋನ್ ತಳ್ಳುವ ಗಾಳಿಗೆ ಆ ಬಾಯಿ ಸಾಲದು. ಸಾಲದಿದ್ದರೆ ಬೇಸ್ ಜೊತೆ ಬುಸ್‌ಬುಸ್ ಅನ್ನುವ ಸದ್ದು ಬರುತ್ತದೆ. ಪೋರ್ಟಿನ ಗಾಳಿ ಸೆಕೆಂಡಿಗೆ 17 ಮೀಟರ್ ದಾಟಬಾರದು ಎಂಬುದು ರೂಢಿಯ ಮಿತಿ. ವಿನ್‌ಐಎಸ್‌ಡಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಹಾಕಿ ನೋಡಿದರೆ ಒಂದು ಪೈಪು ಆ ಗೆರೆಯನ್ನು ಎಲ್ಲೋ ದಾಟಿತ್ತು.

ಎರಡು ಪೈಪು ಹಾಕೋಣವೇ? ಇಲ್ಲೇ ಇದೆ ಮಜಾ. ಬಾಯಿ ಎರಡು ಪಟ್ಟಾದರೆ ಅದೇ 34 ಹರ್ಟ್ಜ್‌ಗೆ ಉದ್ದವೂ ಎರಡು ಪಟ್ಟು ಮೀರುತ್ತದೆ. ಒಂದೊಂದು ಪೈಪೂ 80 ಸೆಂ.ಮೀ.! ಪೆಟ್ಟಿಗೆಯೇ ಅಷ್ಟಗಲ. ಪೋರ್ಟಿನ ಪಾಡೇ ಹೀಗೆ: ಸದ್ದಿಲ್ಲದ ಪೋರ್ಟ್ ಬೇಕೆಂದರೆ ಉದ್ದ ಬೇಕು, ಉದ್ದ ಬೇಕೆಂದರೆ ಡಿಕ್ಕಿ ಕೊಡಬೇಕು.

ಕೊನೆಗೆ ಉಳಿದದ್ದು ಸ್ಲಾಟ್ ಪೋರ್ಟ್. ಪೆಟ್ಟಿಗೆಯ ಬಲಬದಿಗೆ 5 ಸೆಂ.ಮೀ. ಅಗಲ, 32 ಸೆಂ.ಮೀ. ಎತ್ತರದ ಓಣಿ. ಹಿಂದಿನ ಗೋಡೆ ಮುಟ್ಟುವ ಮುಂಚೆ ತಿರುಗಿ, ಆ ಗೋಡೆಯ ಉದ್ದಕ್ಕೂ ಎಡಕ್ಕೆ ಹೋಗುತ್ತದೆ. ಒಟ್ಟು ಉದ್ದ ಓಣಿಯ ನಡುಗೆರೆಯಲ್ಲಿ 73 ಸೆಂ.ಮೀ. ಬಾಯಿ 160 ಚದರ ಸೆಂ.ಮೀ.

ಈಗ ಜಾಗದ ಲೆಕ್ಕ. ಗಾಳಿಗೆ 50 ಲೀಟರ್, ಪೋರ್ಟಿಗೇ ಸುಮಾರು 12, ಪೋರ್ಟಿನ ಮರಕ್ಕೆ 4, ಸಬ್‌ವೂಫರ್ ಮೈಗೆ 3, ನಡುವಿನ ಆಧಾರಪಟ್ಟಿಗೆ 1. ಒಳಗೆ ಒಟ್ಟು 70 ಲೀಟರ್. 18 ಮಿ.ಮೀ. ಹಲಗೆ ಸೇರಿಸಿದರೆ ಹೊರಗಿನ ಅಳತೆ 84, 36, 31 ಸೆಂ.ಮೀ. ಅಂದರೆ ಡಿಕ್ಕಿಯಲ್ಲಿ ಸುಮಾರು 94 ಲೀಟರ್ ಜಾಗ ಹೋಯಿತು. ಸ್ವಿಫ್ಟಿನ ಡಿಕ್ಕಿ ಇರುವುದೇ 268 ಲೀಟರ್. ಇದೇ ಸಬ್‌ವೂಫರ್‌ಗೆ ಸೀಲ್ಡ್ ಆಗಿದ್ದರೆ 43 ಲೀಟರ್‌ನಲ್ಲಿ ಮುಗಿಯುತ್ತಿತ್ತು. ಮನೆಯಲ್ಲಿ ಇದನ್ನು ಹೇಳುವಾಗ "ಮೂರನೇ ಒಂದು ಭಾಗ ಅಷ್ಟೇ" ಅಂದೆ. "ಅಮ್ಮನ ಮನೆಯಿಂದ ಅಕ್ಕಿ ಮೂಟೆ ಎಲ್ಲಿಡ್ತೀರಿ?" ಅನ್ನುವ ಪ್ರಶ್ನೆಗೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ಗೌರಿ ಹಬ್ಬದ ಹಿಂದಿನ ವಾರ: ಮರದ ಕೆಲಸ

ಎಲ್ಲರೂ ಹೇಳುವುದು ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ. ಎಲ್ಲೂ ಗಂಟಿಲ್ಲ, ಪೊಳ್ಳಿಲ್ಲ, ಗರಗಸಕ್ಕೆ ನುಣ್ಣಗೆ ಸಿಗುತ್ತದೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಕೊಡೆ ಬಿಸಾಡುವ ಡಿಕ್ಕಿಗೆ ಎಂಡಿಎಫ್ ಹಾಕಲು ನನಗೆ ಧೈರ್ಯ ಬರಲಿಲ್ಲ. ನೀರು ಕುಡಿದರೆ ಅದರ ಅಂಚು ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ. 710 ಗುರುತಿನ, ನೀರು ತಡೆಯುವ ಮೆರೈನ್ ಪ್ಲೈ ತಂದೆ, 18 ಮಿ.ಮೀ. ದುಡ್ಡು ಜಾಸ್ತಿ. ಎಂಟಕ್ಕೆ ನಾಲ್ಕು ಅಡಿಯ ಒಂದು ಶೀಟಿನಲ್ಲಿ ಮುಂಭಾಗಕ್ಕೆ ಎರಡು ಪದರ ಹಾಕಿಯೂ ಮಿಕ್ಕಿತು.

ಕತ್ತರಿಸಿದ್ದು ನಮ್ಮ ಬೀದಿಯ ಮೇಸ್ತ್ರಿ. ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಒಳಗಡೆ ಈ ಗೋಡೆ ಯಾಕೆ ಸಾರ್? ಗಟ್ಟಿ ಇರ್ಲಿ ಅಂತಾ?"

"ಗಾಳಿ ಹೋಗಕ್ಕೆ ಮೇಸ್ತ್ರಿ."

"ಗಾಳಿಗೆ ಇಷ್ಟುದ್ದ ದಾರಿ ಯಾಕೆ? ಇಲ್ಲೊಂದು ತೂತು ಹೊಡೆದ್ರೆ ಆಯ್ತಲ್ಲ."

ವಿವರಿಸಲು ಹೋದೆ. ಅರ್ಧಕ್ಕೇ ಕೈಯೆತ್ತಿ "ಆಯ್ತು ಬಿಡಿ, ನೀವು ಹೇಳಿದ ಹಂಗೆ ಕುಯ್ತೀನಿ" ಅಂದರು. ಕುಯ್ದದ್ದು ಮಾತ್ರ ಅರ್ಧ ಮಿಲಿಮೀಟರ್ ಆಚೀಚೆ ಆಗದ ಹಾಗೆ.

ಜೋಡಿಸುವುದು ಮನೆಯ ಹಿತ್ತಲಲ್ಲಿ. ಫೆವಿಕಾಲ್, ಮೇಲೆ ಗೇಣಿಗಿಂತ ಹತ್ತಿರ ಹತ್ತಿರ ಸ್ಕ್ರೂ. ಸ್ಕ್ರೂಗೆ ಮುಂಚೆ ಸಣ್ಣ ಡ್ರಿಲ್ ಹಾಕದಿದ್ದರೆ ಪ್ಲೈ ಅಂಚಿನ ಪದರ ಬಿಚ್ಚಿಕೊಳ್ಳುತ್ತದೆ. ಒಳಗಿನ ಮೂಲೆಗಳಿಗೆ ಮೇಸ್ತ್ರಿ ಹೇಳಿಕೊಟ್ಟ ಮದ್ದು: ಮರದ ಪುಡಿಯನ್ನು ಫೆವಿಕಾಲ್‌ನಲ್ಲಿ ಕಲಸಿ ಬೆರಳಲ್ಲಿ ಒತ್ತುವುದು. ಸಿಲಿಕೋನ್ ಆದರೂ ನಡೆಯುತ್ತದೆ, ಆದರೆ ವಿನೆಗರ್ ವಾಸನೆಯ ಸಿಲಿಕೋನ್ ಒಣಗುವಾಗ ಆಮ್ಲದ ಹೊಗೆ ಬಿಡುತ್ತದೆ. ಆ ವಾಸನೆ ಪೂರ್ತಿ ಹೋಗುವ ತನಕ ಸಬ್‌ವೂಫರ್ ಒಳಗೆ ಕೂರಿಸಬಾರದು. ಪೋರ್ಟಿನ ಬಾಯಿಯ ಅಂಚನ್ನು ಉಜ್ಜುಕಾಗದದಲ್ಲಿ ದುಂಡಗೆ ಮಾಡಿದೆ. ಚೂಪು ಅಂಚಿನಲ್ಲಿ ಗಾಳಿ ಸುಳಿ ಸುತ್ತಿ ಸದ್ದು ಮಾಡುತ್ತದೆ.

ಹಬ್ಬ ಕಳೆದ ಮೇಲೆ: ಅಳೆದು ನೋಡಿದ್ದು

ಎರಡು ಕಾಯಿಲ್‌ಗಳನ್ನು ಪ್ಯಾರಲಲ್ ಮಾಡಿ 2 ಓಮ್‌ಗೆ ತಂದೆ. ಕಾರಿನ ಬ್ಯಾಟರಿಯಿಂದ ವೈರು ಎಳೆದಿದ್ದೆ, ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ. ಡಿಕ್ಕಿ ಹತ್ತಿರ ಫ್ಯೂಸ್ ಹಾಕುವವರಿದ್ದಾರೆ. ನಡುದಾರಿಯಲ್ಲಿ ವೈರು ತೇದು ಕಾರಿನ ತಗಡಿಗೆ ತಾಗಿದರೆ ಆ ಫ್ಯೂಸ್ ಯಾವ ಉಪಯೋಗಕ್ಕೂ ಬರುವುದಿಲ್ಲ.

ಮೊದಲ ಪರೀಕ್ಷೆ ಸೋರಿಕೆಯದು. ಕಡಿಮೆ ಸದ್ದಿನಲ್ಲಿ 45 ಹರ್ಟ್ಜ್ ಹಾಕಿ, ಊದುಬತ್ತಿ ಹಚ್ಚಿ ಪೆಟ್ಟಿಗೆಯ ಸಂದುಗಳ ಮೇಲೆ ಮೆಲ್ಲಗೆ ಹಿಡಿದುಕೊಂಡು ಹೋದೆ. ಹೊಗೆ ನೆಟ್ಟಗೆ ಏರುತ್ತಿತ್ತು. ವೈರ್ ಟರ್ಮಿನಲ್ ಹತ್ತಿರ ಬಂದಾಗ ಮಾತ್ರ ಎಳೆ ಒಡೆದು ನಡುಗಿತು. ಬಿಚ್ಚಿ, ಕೆಳಗೆ ಫೋಮ್ ಪಟ್ಟಿ ಕೊಟ್ಟು ಬಿಗಿದೆ. ಆಮೇಲೆ ಹೊಗೆ ಅಲುಗಲಿಲ್ಲ.

ಎರಡನೆಯದು ನಿಜವಾದ ಟ್ಯೂನಿಂಗ್ ಎಷ್ಟು ಅಂತ. ಇದಕ್ಕೆ ದುಬಾರಿ ಉಪಕರಣ ಬೇಡ. ಟ್ಯೂನಿಂಗ್ ಹರ್ಟ್ಜ್‌ನಲ್ಲಿ ಪೋರ್ಟಿನ ಗಾಳಿ ಅತಿ ಹೆಚ್ಚು ಓಡುತ್ತದೆ, ಕೋನ್ ಅತಿ ಕಡಿಮೆ ಅಲ್ಲಾಡುತ್ತದೆ. ಕೋನಿನ ಅಂಚಿಗೆ ಒಂದು ಬಿಳಿ ಚುಕ್ಕೆ ಅಂಟಿಸಿದೆ, ಪೋರ್ಟಿನ ಬಾಯಿಗೆ ಪತ್ರಿಕೆಯ ಸಣ್ಣ ಚೂರು. ಫೋನ್ ಆ್ಯಪ್‌ನಲ್ಲಿ 50ರಿಂದ ಒಂದೊಂದೇ ಹರ್ಟ್ಜ್ ಇಳಿಸುತ್ತಾ ಬಂದೆ. 45ರಲ್ಲಿ ಚುಕ್ಕೆ ಉದ್ದನೆಯ ಗೆರೆ. 38ಕ್ಕೆ ಗೆರೆ ಗಿಡ್ಡ. 34ಕ್ಕೆ ಇನ್ನೂ ಗಿಡ್ಡ. 32ಕ್ಕೆ ಗೆರೆ ಮತ್ತೆ ಚುಕ್ಕೆಯಾಗಿ ನಿಂತಿತು, ಅದೇ ಹೊತ್ತಿಗೆ ಕಾಗದದ ಚೂರು ಪಟಪಟ ಬಡಿದುಕೊಂಡು ಹಾರಿ ಹೋಯಿತು. 30ಕ್ಕೆ ಇಳಿಸಿದ್ದೇ ಚುಕ್ಕೆ ಪುನಃ ಗೆರೆ.

ಲೆಕ್ಕದಲ್ಲಿ 34, ಮರದಲ್ಲಿ 32. ಇದು ನಿರೀಕ್ಷೆ ಇದ್ದದ್ದೇ. ಪೆಟ್ಟಿಗೆಯ ಗೋಡೆಯನ್ನೇ ಬಳಸುವ ಸ್ಲಾಟ್ ಪೋರ್ಟು ತನ್ನ ಅಳತೆಗಿಂತ ಉದ್ದವಿದ್ದಂತೆ ವರ್ತಿಸುತ್ತದೆ. ಒಳಗಿನ ಹಲಗೆಯನ್ನು ಒಂದಿಷ್ಟು ಮೊಟಕು ಮಾಡಿದರೆ 34ಕ್ಕೆ ಬರುತ್ತದೆ. ಮಾಡಲಿಲ್ಲ. 41ರ ತಂತಿಗೆ ಏನೂ ನಷ್ಟವಿಲ್ಲ, ಕಾರಿನೊಳಗೆ ತಗ್ಗಿನ ಸ್ವರ ಹೇಗೂ ಏರುತ್ತದೆ. ಸಬ್‌ಸಾನಿಕ್ ಫಿಲ್ಟರ್ ಅನ್ನು 27ಕ್ಕೆ ಇಟ್ಟೆ, ಮೇಲಿನ ಸ್ವರಗಳನ್ನು ತಡೆಯುವ ಲೋ ಪಾಸ್ ಫಿಲ್ಟರ್ 80ಕ್ಕೆ.

ದಸರಾ ರಜೆ: ಕಾರಿನೊಳಗೆ

ಸಬ್‌ವೂಫರ್ ಸೇರಿ ಪೆಟ್ಟಿಗೆ 28 ಕಿಲೋ ತೂಗುತ್ತದೆ. ಸುಮ್ನೆ ಇಟ್ಟರೆ ಜೋರಾಗಿ ಬ್ರೇಕ್ ಹಾಕಿದ ದಿನ ಅದು ಹಿಂದಿನ ಸೀಟಿಗೆ ಬರುತ್ತದೆ, ಅಲ್ಲಿ ಮಕ್ಕಳು ಕೂತಿರುತ್ತಾರೆ. ಎರಡು ಬೆಲ್ಟು ಹಾಕಿ ನೆಲದ ಬೋಲ್ಟ್‌ಗಳಿಗೆ ಬಿಗಿದಿದ್ದೇನೆ. ಬೇಸ್ ಬಗ್ಗೆ ಗಂಟೆಗಟ್ಟಲೆ ಮಾತಾಡುವವರೂ ಈ ಬೆಲ್ಟಿನ ಸುದ್ದಿ ಎತ್ತುವುದಿಲ್ಲ.

ಕೋನ್, ಪೋರ್ಟ್ ಎರಡೂ ಹಿಂದಿನ ಬಾಗಿಲ ಕಡೆ ಮುಖ ಮಾಡಿವೆ. ಸೀಟಿನ ಕಡೆ ತಿರುಗಿಸಿಯೂ ಕೇಳಿದೆ. ಸದ್ದು ತೆಳ್ಳಗಾಯಿತು. ಆಂಪ್‌ನ ಫೇಸ್ ಸ್ವಿಚ್ಚನ್ನು (ಕೋನ್ ಮುಂದೆ ಹೋಗುವಲ್ಲಿ ಹಿಂದೆ ಹೋಗುವಂತೆ ಮಾಡುವುದು) 180 ಡಿಗ್ರಿಗೆ ತಿರುಗಿಸಿದಾಗ ಬೇಸ್ ಹಿಂದಿನಿಂದ ಬರುವುದು ಬಿಟ್ಟು ಡ್ಯಾಶ್‌ಬೋರ್ಡ್ ಕಡೆಯಿಂದ ಬಂದಂತಾಯಿತು. ಅಲ್ಲಿಗೇ ಬಿಟ್ಟೆ.

ತೀರ್ಥಹಳ್ಳಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆ. ಡೊಳ್ಳಿನ ರೆಕಾರ್ಡಿಂಗ್ ಹಾಕಿದಾಗ ಪೆಟ್ಟು ಮುಂದೆ, ಗುಮ್ ಹೊಟ್ಟೆಗೆ. ಹತ್ತಾರು ಡೊಳ್ಳು ಒಟ್ಟಿಗೆ ಬಿದ್ದಾಗಲೂ ಒಂದೇ ಸ್ವರಕ್ಕೆ ಕಲಸಿ ಹೋಗಲಿಲ್ಲ, ಅದೇ ದೊಡ್ಡ ಸಮಾಧಾನ. ತುಂಬ ವೇಗದ ಡ್ರಮ್ಮಿನಲ್ಲಿ ಮಾತ್ರ ಸೀಲ್ಡ್‌ನ ಬಿಗಿ ಇಲ್ಲ, ಒಂದು ಪೆಟ್ಟಿನ ಬಾಲ ಇನ್ನೊಂದಕ್ಕೆ ತಾಗುತ್ತದೆ. ಮೆಟಲ್ ಜಾಸ್ತಿ ಕೇಳುವವರಿಗೆ ನಾನು ಸೀಲ್ಡ್ ಅನ್ನೇ ಹೇಳುತ್ತೇನೆ. ಪೋರ್ಟಿನಿಂದ ಬುಸ್ ಸದ್ದು ಇಲ್ಲವೇ ಇಲ್ಲ.

ಬಾಕಿ ಇರುವುದು: ನಂಬರ್ ಪ್ಲೇಟು 40 ಹರ್ಟ್ಜ್ ಹತ್ತಿರ ಕಟಕಟ ಅನ್ನುತ್ತಿದೆ, ಹಿಂದೆ ಫೋಮ್ ಅಂಟಿಸಬೇಕು. ಪಾರ್ಸೆಲ್ ಟ್ರೇ ಸದ್ಯಕ್ಕೆ ಅಟ್ಟದ ಮೇಲಿದೆ. ಹಿಂಬಾಗಿಲ ತಗಡಿಗೆ ನಡುಕ ತಡೆಯುವ ಬ್ಯುಟೈಲ್ ಶೀಟ್ ಆರ್ಡರ್ ಮಾಡಿದ್ದೇನೆ, ಬಂದ ಮೇಲೆ ಬಾಗಿಲ ಒಳಹೊದಿಕೆ ಬಿಚ್ಚಬೇಕು. ಪೆಟ್ಟಿಗೆಗೆ ಕಾರ್ಪೆಟ್ ಇನ್ನೂ ಸುತ್ತಿಲ್ಲ. ಮೇಸ್ತ್ರಿಗೆ ಒಮ್ಮೆ ಕೇಳಿಸಿದೆ. ಪೋರ್ಟಿಗೆ ಕೈ ಒಡ್ಡಿ ಸ್ವಲ್ಪ ಹೊತ್ತು ನಿಂತು, "ಗಾಳಿ ಚೆನ್ನಾಗಿ ಬರ್ತಿದೆ, ಸೆಕೆಗೆ ಆಗುತ್ತೆ" ಅಂದರು.